ನಿದ್ದೆ ಮಾಡೋಕೆ ಅಂತಲೇ ರೂಮ್ ಮಾಡಿದ್ವಿ



ಹೋದ ಭಾನುವಾರ ನಾನೊಂದು ಫೋಟೋ ಹಾಕಿದ್ದೆ. ಹಾಸನದ ಒಂದು ಹೋಟೆಲ್ ರೂಮಿನ ಕಿಟಕಿ, ಬಿಳಿ ಹಾಸಿಗೆ, ಟೇಬಲ್ ಮೇಲೆ ಎರಡು ಕಾಫಿ ಕಪ್ಪು. ಕೆಳಗೆ ಬರೆದಿದ್ದು ಇಷ್ಟೇ: "ಮಕ್ಕಳು ಅಜ್ಜಿ ಹತ್ರ, ನಾವು ಇಲ್ಲಿ. ಒಂಬತ್ತು ಗಂಟೆ ನಿದ್ದೆ ಮಾಡಿದ್ವಿ." ಅದಕ್ಕೆ ಬಂದ ಮಾತುಗಳನ್ನ ಕೇಳಿ ಇದನ್ನ ಬರೀತಿದ್ದೀನಿ. ಉದ್ದ ಆಗುತ್ತೆ, ತಾಳ್ಮೆ ಇದ್ದೋರು ಓದಿ.

ನಮ್ಮ ಸಂಘಟನೆಯ ಹಿರಿಯರೊಬ್ಬರು ಫೋನ್ ಮಾಡಿದ್ರು. "ಏನಮ್ಮ, ಹೋರಾಟದೋರು ಹಿಂಗೆ ಹೋಟ್ಲಲ್ಲಿ ಮಲಗಿ ಫೋಟೋ ಹಾಕಿದ್ರೆ ಹುಡುಗ್ರು ಏನ್ ಕಲೀತಾರೆ? ನಾಳೆ ಕಾರ್ಯಕ್ರಮಕ್ಕೆ ಚಂದಾ ಕೇಳೋಕೆ ಹೋದ್ರೆ ಜನ ಏನಂತಾರೆ?" ಅಂದ್ರು. ಅವರ ಮೇಲೆ ನನಗೆ ಗೌರವ ಇದೆ. ನನ್ನ ಕೈಗೆ ಮೊದಲ ಸಲ ಮೈಕ್ ಕೊಟ್ಟೋರು ಅವರೇ. ನಮ್ಮ ಬೀದಿಯ ಗೆಳತಿ ಕೇಳಿದ್ದು ಬೇರೆ: "ಮಕ್ಕಳನ್ನ ಬಿಟ್ಟು ಹೋಗೋಕೆ ಮನಸ್ಸು ಹೆಂಗ್ ಬಂತೇ ನಿಂಗೆ?" ಆಫೀಸಿನಲ್ಲಿ ಒಬ್ಬರು ನಕ್ಕೊಂಡು, "ಗಂಡಸಿಯಲ್ಲಿ ಮನೆ ಇಟ್ಕೊಂಡು ಹಾಸನದಲ್ಲಿ ರೂಮ್ ಯಾಕೆ ಮೇಡಂ, ಗಂಟೆ ದಾರಿ ಅಲ್ವಾ?" ಅಂದ್ರು.

ಮೊದಲು ದುಡ್ಡಿನ ವಿಚಾರ ಹೇಳಿಬಿಡ್ತೀನಿ, ಯಾಕಂದ್ರೆ ನಮ್ಮಂಥವರು ಏನು ಮಾಡಿದ್ರೂ ಮೊದಲು ಲೆಕ್ಕ ಕೇಳ್ತಾರೆ. ಸಂಘಟನೆಯ ದುಡ್ಡಲ್ಲ. ನನ್ನ ಚೀಟಿ ದುಡ್ಡು. ರೂಮಿಗೆ 2,100 ರೂಪಾಯಿ, ಬೆಳಗಿನ ತಿಂಡಿ ಸೇರಿ. ಬಸ್ ಚಾರ್ಜು ನನಗೆ ಇಲ್ಲ, ಶಕ್ತಿ ಯೋಜನೆ. ನಮ್ಮನೆಯವರಿಗೆ ಟಿಕೆಟ್ ತಗೊಂಡ್ವಿ.

ಇನ್ನು ಹಾಸನ. ಅದು ನಮ್ಮ ಜಿಲ್ಲಾ ಕೇಂದ್ರ. ನಲವತ್ತು ದಾಟಿದ ಈ ಬದುಕಲ್ಲಿ ಎಷ್ಟು ಸಲ ಹೋಗಿದ್ದೀನೋ ಲೆಕ್ಕ ಇಲ್ಲ. ಡಿಸಿ ಆಫೀಸಿನ ಮುಂದೆ ಧರಣಿಗೆ, ಏಪ್ರಿಲ್ 14ರ ಮೆರವಣಿಗೆಗೆ, ಪರೀಕ್ಷೆ ಬರೆಯೋಕೆ, ಜಾತಿ ಪ್ರಮಾಣಪತ್ರದ ತಕರಾರಿಗೆ. ಅಪ್ಪ ದೊಡ್ಡಾಸ್ಪತ್ರೆಯಲ್ಲಿ ಮಲಗಿದ್ದಾಗ ಹದಿನೇಳು ರಾತ್ರಿ ವರಾಂಡದಲ್ಲಿ ಪೇಪರ್ ಹಾಸ್ಕೊಂಡು ಇದ್ದೆ. ಹಾಸನದಲ್ಲಿ ನಾನು ನಿಂತಿದ್ದೀನಿ, ಕೂತಿದ್ದೀನಿ, ಗಂಟಲು ಹರಿಯೋ ಹಂಗೆ ಕೂಗಿದ್ದೀನಿ. ಮಲಗಿದ್ದು ಮಾತ್ರ ಆ ವರಾಂಡದಲ್ಲಿ ಒಂದೇ. ನಮ್ಮದೇ ಜಿಲ್ಲೆಯ ಪಟ್ಟಣದಲ್ಲಿ ಯಾವ ಕೆಲಸವೂ ಇಲ್ಲದೆ, ಯಾವ ಅರ್ಜಿಯೂ ಕೈಯಲ್ಲಿಲ್ಲದೆ ಒಂದು ದಿನ ಇದ್ದು ನೋಡಬೇಕು ಅಂತ ಎಷ್ಟೋ ವರ್ಷದಿಂದ ಇತ್ತು. ಬೆಂಗಳೂರಿನ ಇಂಗ್ಲಿಷ್ ಪೇಪರ್‌ನೋರು ಇದಕ್ಕೆ 'ಸ್ಟೇಕೇಶನ್' ಅಂತಾರಂತೆ. ಹೆಸರು ಏನಾದ್ರೂ ಇರಲಿ.

ಮೊದಲು ಹೋದ ಲಾಡ್ಜ್‌ನಲ್ಲಿ ಕೌಂಟರ್‌ನ ಹುಡುಗ ಆಧಾರ್ ಕಾರ್ಡ್ ತಿರುಗಿಸಿ ನೋಡಿದ. "ಹಾಸನ ಡಿಸ್ಟ್ರಿಕ್ಟ್ ಅಡ್ರೆಸ್ಸು. ಲೋಕಲ್ ಐಡಿಗೆ ರೂಮ್ ಇಲ್ಲ ಮೇಡಂ" ಅಂದ. ಯಾಕಪ್ಪ ಅಂದ್ರೆ, "ಓನರ್ ರೂಲ್ಸು" ಅಂದ. ಇದು ನಮ್ಮೂರ ಕಡೆ ಮಾತ್ರ ಇರೋದಲ್ಲ, ದೇಶದ ಬೇಕಾದಷ್ಟು ಹೋಟೆಲ್‌ಗಳಲ್ಲಿ ಇದೆ. ಊರಿನವರೇ ಊರಲ್ಲಿ ರೂಮ್ ಕೇಳಿದ್ರೆ ಏನೋ ಕೆಟ್ಟ ಕೆಲಸಕ್ಕೇ ಬಂದಿದ್ದಾರೆ ಅನ್ನೋ ಗುಮಾನಿ. ಸ್ಥಳೀಯರಿಗೆ ರೂಮ್ ಕೊಡಬಾರದು ಅಂತ ಯಾವ ಕಾಯ್ದೆಯೂ ಇಲ್ಲ. ಗುರುತಿನ ಚೀಟಿ ನೋಡಿ ರಿಜಿಸ್ಟರ್‌ನಲ್ಲಿ ಬರ್ಕೋಬೇಕು, ಅಷ್ಟೇ. ನಾನು ಮಾತಿಗೆ ನಿಲ್ಲೋಕೆ ಹೊರಟೆ. ನಮ್ಮನೆಯವ್ರು ಆಗಲೇ ಬ್ಯಾಗ್ ಎತ್ಕೊಂಡು, "ಸರಿ ಬಿಡಿ ಸಾರ್" ಅಂತ ಆ ಹುಡುಗನಿಗೆ ಕೈ ಮುಗಿದಿದ್ರು. ಅವನಿಗೆ ನಮ್ಮ ಮಗಳಿಗಿಂತ ಐದಾರು ವರ್ಷ ಹೆಚ್ಚಿರಬಹುದು.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳ್ಬೇಕು. ಇದು ಜಾತಿ ಕಾರಣಕ್ಕೆ ಆಯ್ತು ಅಂತ ನಾನು ಹೇಳಲ್ಲ. ಆ ಹುಡುಗನಿಗೆ ನಮ್ಮ ಜಾತಿ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ನಮ್ಮ ಜಾಗದಲ್ಲಿ ಗೌಡರು ನಿಂತಿದ್ರೂ, ಲಿಂಗಾಯಿತರು ನಿಂತಿದ್ರೂ ಅದೇ ಉತ್ತರ ಕೊಡ್ತಿದ್ದ. ಆದ್ರೆ ಅವರು ಆ ಉತ್ತರ ಕೇಳಿ ಬೈಕೊಂಡು ಹೊರಗೆ ಬರ್ತಾರೆ. ನಾವು ಕೈ ಮುಗಿದು ಬರ್ತೀವಿ. ವ್ಯತ್ಯಾಸ ಕೌಂಟರ್‌ನ ಆ ಕಡೆ ಇರಲಿಲ್ಲ, ಈ ಕಡೆ ಇತ್ತು, ನಮ್ಮ ಬೆನ್ನಲ್ಲಿ.

ಆ ಬೆನ್ನು ಎಲ್ಲಿ ಬಗ್ಗಿತು ಅಂತ ನನಗೆ ಗೊತ್ತು. ನನಗೆ ಐದಾರು ವರ್ಷ ಇದ್ದಾಗ, ಅಂದ್ರೆ 1985ರ ಹಿಂದೆ ಮುಂದೆ, ಅಪ್ಪ ಕಾಯಿ ಸುಲಿಯೋ ಕೆಲಸಕ್ಕೆ ಹೋದ ಊರಿಗೆ ನನ್ನನ್ನೂ ಕರ್ಕೊಂಡು ಹೋಗಿದ್ದ. ಊರಿನ ಹೆಸರು ಬೇಡ. ಹೋಟ್ಲಿನ ಹೊರಗೆ ಗೋಡೆ ಗೂಡಲ್ಲಿ ಎರಡು ಗಾಜಿನ ಲೋಟ ಕವುಚಿ ಹಾಕಿದ್ರು. ಅಪ್ಪ ತಾನೇ ಒಂದನ್ನ ತಗೊಂಡು ತೊಳೆದು ಹಿಡಿದ. ಅವರು ಮೇಲಿಂದ ಕಾಫಿ ಹುಯ್ದರು. ಕುಡಿದು ಮತ್ತೆ ತೊಳೆದು ಕವುಚಿ ಇಟ್ಟ. ನಾನು ಒಳಗೆ ಬೆಂಚು ಇತ್ತಲ್ಲ, ಕೂರೋಣ ಅಂದೆ. "ಒಳಗೆ ಸೆಕೆ ಕಣವ್ವ" ಅಂದ. ಆ ಸುಳ್ಳು ನನಗೆ ಅರ್ಥ ಆಗೋಕೆ ಹತ್ತು ವರ್ಷ ಬೇಕಾಯ್ತು.

ಆಗ ಕಾನೂನು ಇರಲಿಲ್ವಾ? ಇತ್ತು. ಸಂವಿಧಾನದ 15ನೇ ವಿಧಿಯ ಎರಡನೇ ಭಾಗದಲ್ಲಿ ಅಂಗಡಿ, ಹೋಟೆಲ್ ಅಂತ ಹೆಸರು ಹಿಡಿದೇ ಬರೆದಿದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇತ್ತು. ಅದೇ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಆಯ್ತು. ಅದರ 4ನೇ ಸೆಕ್ಷನ್‌ನಲ್ಲಿ ಹೋಟೆಲಿಗೆ ಪ್ರವೇಶ ಅಷ್ಟೇ ಅಲ್ಲ, ಹೋಟೆಲಿನ ಪಾತ್ರೆ ಬಳಸೋದೂ ಹಕ್ಕು ಅಂತ ಇದೆ. ಲೋಟದ ತನಕ ಯೋಚನೆ ಮಾಡಿ ಬರೆದ ಕಾನೂನು. ಆದ್ರೂ ಗೂಡಲ್ಲಿ ಲೋಟ ಇತ್ತು. ಇದೆಲ್ಲ ಹಳೇ ಕಥೆ ಅನ್ನೋರಿಗೆ: ನಮ್ಮದೇ ಜಿಲ್ಲೆ, ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದೇವಸ್ಥಾನದ ಒಳಗೆ ಹೋದ ನಮ್ಮ ಹೆಣ್ಣುಮಕ್ಕಳಿಗೆ ದಂಡ ಹಾಕಿದ್ದು 2015ರಲ್ಲಿ.

ಬಾಬಾಸಾಹೇಬರು ಅಮೆರಿಕಾ, ಲಂಡನ್‌ನಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಬಂದಾಗ ಉಳಿಯೋಕೆ ಜಾಗ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ರಿಜಿಸ್ಟರ್‌ಗೆ ಪಾರ್ಸಿ ಹೆಸರು ಬರೆಸಿ ಇದ್ದರು, ಊಟ ವಸತಿಗೆ ದಿನಕ್ಕೆ ಒಂದೂವರೆ ರೂಪಾಯಿ. ಹನ್ನೊಂದನೇ ದಿನ ದೊಣ್ಣೆ ಹಿಡ್ಕೊಂಡು ಜನ ಬಂದರು. ಸಾಯಂಕಾಲದ ತನಕ ಪಾರ್ಕಿನಲ್ಲಿ ಕೂತು ರಾತ್ರಿ ರೈಲಿಗೆ ಮುಂಬೈಗೆ ಹೋದರು. ಈ ಕಥೆಯನ್ನ ನಾನು ಎಷ್ಟು ವೇದಿಕೆ ಮೇಲೆ ಹೇಳಿದ್ದೀನೋ. ಹೇಳುವಾಗೆಲ್ಲ ಅವಮಾನದ ಬಗ್ಗೆ ಹೇಳ್ತಿದ್ದೆ. ಆ ಲಾಡ್ಜ್‌ನಿಂದ ಹೊರಗೆ ಬಂದು ಆಟೋ ಸ್ಟ್ಯಾಂಡ್ ಹತ್ರ ನಿಂತಾಗ ಮೊದಲ ಸಲ ಇನ್ನೊಂದು ತಲೆಗೆ ಬಂತು: ಪಾಪ, ಅವರಿಗೆ ಆವತ್ತು ಎಷ್ಟು ಸುಸ್ತಾಗಿತ್ತೋ, ಮಲಗೋಕೆ ಒಂದು ಜಾಗ ಬೇಕಿತ್ತು ಅಷ್ಟೇ.

ಎರಡನೇ ಹೋಟೆಲ್‌ನಲ್ಲಿ ಮಾತು ನಾನೇ ಆಡಿದೆ. ಕೌಂಟರ್‌ನೋರು, "ಬೇಲೂರು ಹಳೇಬೀಡಿಗಾ ಮೇಡಂ?" ಅಂದ್ರು. ಅವರು ಕೇಳಿದ್ದು ಸರಿಯೇ, ಹಾಸನದಲ್ಲಿ ರೂಮ್ ಮಾಡೋ ಎಷ್ಟೋ ಜನ ಅದಕ್ಕೇ ಬರೋದು. 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. "ಇಲ್ಲ ಸಾರ್, ನಿದ್ದೆ ಮಾಡೋಕೆ" ಅಂದೆ. ಜೋರಾಗಿ ನಕ್ಕು ಕೀ ಕೊಟ್ರು. ಆಧಾರ್ ಅದೇ, ಅಡ್ರೆಸ್ ಅದೇ.

ರೂಮಲ್ಲಿ ಏನ್ ಮಾಡಿದ್ರಿ ಅಂತ ಕೇಳೋರಿಗೆ: ಏನೂ ಮಾಡಲಿಲ್ಲ. ಒಳಗೆ ಹೋದ ಹತ್ತು ನಿಮಿಷಕ್ಕೆ ಮನೆಗೆ ಫೋನ್ ಮಾಡಿದೆ. ಮಗಳು ಎತ್ತಿ, "ಅಮ್ಮ, ಯಾಕ್ ಮಾಡ್ತೀಯ? ಅಜ್ಜಿ ಮೊಟ್ಟೆಸಾರು ಮಾಡ್ತಾವ್ರೆ, ಇಡು" ಅಂದಳು. ಮನಸ್ಸು ಹೆಂಗ್ ಬಂತು ಅಂತ ಕೇಳಿದ ಗೆಳತಿಗೆ ಇದೇ ಉತ್ತರ, ಮಕ್ಕಳಿಗೆ ನಮಗಿಂತ ಖುಷಿಯಾಗಿತ್ತು. ಆಮೇಲೆ ಸ್ನಾನ. ಬಾಗಿಲು ಬಡಿಯೋರು ಯಾರೂ ಇಲ್ಲದ ಸ್ನಾನ ನಾನು ಮಾಡಿ ಎಷ್ಟು ವರ್ಷ ಆಗಿತ್ತು! ಟವೆಲ್ ನಾನು ಒಗೆದದ್ದಲ್ಲ. ಕಾಫಿ ನಾನು ಕಾಸಿದ್ದಲ್ಲ. ಮಂಚದ ಮೇಲೆ ಕಾಲು ಚಾಚಿ ಕೂತೆ, ಕೂತೇ ಇದ್ದೆ.

ನಮ್ಮ ಕೇರಿಯ ಮನೆಗಳು ನಿಮಗೆ ಗೊತ್ತು. ಸರ್ಕಾರ ಕೊಟ್ಟ ಮನೆ, ಒಂದು ಹಾಲು, ಒಂದು ರೂಮು, ಗೋಡೆ ಆ ಕಡೆ ಪಕ್ಕದ ಮನೆಯೋರ ಕೆಮ್ಮು ಕೇಳುತ್ತೆ. ಹದಿನಾಲ್ಕು ವರ್ಷದ ಮಗಳು, ಒಂಬತ್ತು ವರ್ಷದ ಮಗ, ಅವ್ವ, ನಾವಿಬ್ಬರು. ಅಂಥ ಮನೆಯಲ್ಲಿ ಗಂಡ ಹೆಂಡತಿ ಅಂದ್ರೆ ಪಿಸುಮಾತು. ಅದೂ ಫೀಸಿನದ್ದು, ಗ್ಯಾಸಿನದ್ದು, ಸಾಲದ ಕಂತಿನದ್ದು. ಮನೆ ಮಂಜೂರು ಮಾಡೋರು ಚದರ ಅಡಿ ಲೆಕ್ಕ ಹಾಕ್ತಾರೆ, ಒಳಗಿರೋ ಮನುಷ್ಯರಿಗೆ ಒಂದು ಗುಟ್ಟು ಮಾತಾಡೋಕೆ ಜಾಗ ಬೇಕು ಅನ್ನೋದು ಯಾವ ಯೋಜನೆಯಲ್ಲೂ ಇಲ್ಲ. ನಮ್ಮ ಬೇಡಿಕೆ ಪಟ್ಟಿಯಲ್ಲೂ ಇಲ್ಲ, ಅದನ್ನೂ ಹೇಳ್ತೀನಿ. ನಾಚಿಕೆ ನಮಗೆ.

ಆ ರಾತ್ರಿ ಲೈಟ್ ಆರಿಸಿದ ಮೇಲೆ ನಮ್ಮನೆಯವ್ರು ತುಂಬಾ ಹೊತ್ತು ಸುಮ್ಮನಿದ್ದು, "ನಂಗೆ ಒಂದು ವರ್ಷದಿಂದ ರಾತ್ರಿ ಹೊತ್ತು ಕಣ್ಣು ಸರಿಯಾಗಿ ಕಾಣಲ್ಲ ಕಣೆ" ಅಂದ್ರು. ಅವರು ಟಾಟಾ ಏಸ್ ಓಡಿಸ್ತಾರೆ, ಅರಸೀಕೆರೆ, ತಿಪಟೂರು ಮಾರ್ಕೆಟ್ಟಿಗೆ ಕಾಯಿ, ಕೊಬ್ಬರಿ ಹೊಡೀತಾರೆ. ಎಷ್ಟೋ ಸಲ ಬೆಳಗಿನ ಜಾವ ಮೂರಕ್ಕೆ ಹೊರಡ್ತಾರೆ. ಎದುರಿಂದ ಲೈಟ್ ಬಿದ್ರೆ ರೋಡೇ ಕಾಣಲ್ವಂತೆ. ಯಾಕ್ರೀ ಇಷ್ಟು ದಿನ ಹೇಳಲಿಲ್ಲ ಅಂದೆ. "ಎಲ್ಲಿ ಹೇಳೋದು? ಮಕ್ಕಳು ಕೇಳಿಸ್ಕೊಂಡ್ರೆ ಹೆದರ್ಕೊಳ್ಳಲ್ವಾ?" ಅಂದ್ರು. ಸೋಮವಾರವೇ ಕಣ್ಣಿನ ಡಾಕ್ಟರ್ ಹತ್ರ ಹೋದ್ವಿ. ಪೊರೆ ಶುರುವಾಗಿದೆ, ಆಪರೇಷನ್ ಮಾಡ್ತಾರೆ. ಅಲ್ಲಿ ತನಕ ರಾತ್ರಿ ಗಾಡಿ ಬಂದ್. ಆ 2,100 ರೂಪಾಯಿ ದಂಡ ಅನ್ನೋರು ಇದನ್ನೂ ಲೆಕ್ಕಕ್ಕೆ ತಗೊಳ್ಳಿ. ಆದ್ರೆ ಒಂದು, ಕಣ್ಣಿನ ವಿಚಾರ ಹೊರಗೆ ಬರದೇ ಇದ್ದಿದ್ರೂ, ಬರೀ ನಿದ್ದೆ ಮಾಡಿ ಬಂದಿದ್ರೂ ನಾನು ಇದೇ ಪೋಸ್ಟ್ ಬರೀತಿದ್ದೆ. ನಾವು ಸುಖ ಪಡಬೇಕಾದ್ರೆ ಅದಕ್ಕೊಂದು ಕಾರಣಪತ್ರ ಲಗತ್ತಿಸಬೇಕಾ?

ಬೆಳಗ್ಗೆ ರೂಮ್ ಕ್ಲೀನ್ ಮಾಡೋ ಅಕ್ಕ ಬಂದ್ರು. ನಾನು ಅಷ್ಟೊತ್ತಿಗೆ ರಗ್ಗು ಮಡಚಿ, ಕಪ್ಪು ತೊಳೆದು ಕವುಚಿ ಇಟ್ಟಿದ್ದೆ. ಅಪ್ಪನ ಕೈ ನನ್ನ ಕೈಗೂ ಬಂದಿದೆ ನೋಡಿ. ಅವರು ನೋಡಿ ನಕ್ಕು, "ಯಾಕಕ್ಕ ಮಡಚಿದ್ರಿ? ಹೆಂಗೂ ಬಿಚ್ಚಿ ಒಗೆಯೋಕ್ ಹಾಕ್ತೀವಿ" ಅಂದ್ರು. ಮಾತು ಬೆಳೀತು. ಅರಸೀಕೆರೆ ಕಡೆಯೋರೇ, ನಮ್ಮೋರೇ. ದಿನಕ್ಕೆ ಹದಿನಾಲ್ಕು ರೂಮು. ವಾರದ ರಜೆ ಇದೆಯಾ ಅಂದೆ. "ರಜಾ ಹಾಕಿದ್ರೆ ಸಂಬಳ ಕಟ್ ಅಕ್ಕ" ಅಂದ್ರು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು, ಹೋಟೆಲ್‌ಗೂ ಅನ್ವಯ ಆಗುತ್ತೆ, ವಾರಕ್ಕೊಂದು ದಿನ ರಜೆ ಕೊಡಲೇಬೇಕು. ಅವರಿಗೆ ಹೇಳಿದೆ. ನಂಬರ್ ತಗೊಂಡಿದ್ದೀನಿ. ಅಲ್ಲಿ ಕೆಲಸ ಮಾಡೋ ಹೆಂಗಸರು ಆರು ಜನ ಇದ್ದಾರಂತೆ, ಕೂತು ಮಾತಾಡೋಣ ಅಂದಿದ್ದೀವಿ. ನಾನು ಮಲಗಿದ ಬಿಳಿ ಹಾಸಿಗೆ ಹಿಂದೆ ಅವರ ಸೊಂಟನೋವು ಇತ್ತು ಅನ್ನೋದು ನನಗೆ ಗೊತ್ತು. ಅದಕ್ಕೆ ನಾನು ಮಲಗಬಾರದಿತ್ತು ಅಂತ ನನಗೆ ಅನ್ನಿಸಲ್ಲ. ಅವರಿಗೂ ರಜೆ ಸಿಗಬೇಕು ಅನ್ನಿಸುತ್ತೆ.

ಈಗ ನಮ್ಮ ಹಿರಿಯರಿಗೆ. ಅಣ್ಣ, ಬಾಬಾಸಾಹೇಬರು 1942ರಿಂದ 46ರ ತನಕ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡ್ರು, ನೀವೇ ನನಗೆ ಹೇಳಿಕೊಟ್ಟಿದ್ದು. ಕಾರ್ಖಾನೆ ಕಾಯ್ದೆಗೆ 1945ರಲ್ಲಿ ತಿದ್ದುಪಡಿ ತಂದು ಸಂಬಳ ಸಹಿತ ರಜೆ ಕೊಡಿಸಿದ್ರು. ಮರುವರ್ಷ ವಾರಕ್ಕೆ 54 ಗಂಟೆ ಇದ್ದ ದುಡಿಮೆ 48ಕ್ಕೆ ಇಳೀತು. ದುಡಿಯೋ ಮನುಷ್ಯ ಸಾಯೋ ತನಕ ದುಡೀತಾನೇ ಇರಲಿ ಅನ್ನೋದು ನಮ್ಮ ಸಿದ್ಧಾಂತ ಅಲ್ಲ, ಅದು ನಮ್ಮನ್ನ ದುಡಿಸಿಕೊಂಡೋರದ್ದು. ನನ್ನ ಸಿಎಲ್‌ಗಳೆಲ್ಲ ಸಾವಿಗೆ, ಆಸ್ಪತ್ರೆಗೆ, ಧರಣಿಗೆ ಹೋಗಿವೆ. ಒಂದೇ ಒಂದನ್ನ ನಿದ್ದೆಗೆ ಹಾಕಿದೆ. ಚಂದಾ ವಿಚಾರದಲ್ಲಿ ನಿಮ್ಮ ಮಾತು ಸರಿ ಇರಬಹುದು, ಜನ ಆಡ್ಕೋತಾರೆ. ಫೋಟೋ ತೆಗೆಯಲ್ಲ. ರಸೀದಿ ಬುಕ್ ಹಿಡ್ಕೊಂಡು ಬೀದಿ ಬೀದಿಗೆ ನಾನೇ ಬರ್ತೀನಿ, ಕೇಳಿದೋರಿಗೆ ನಾನೇ ಉತ್ತರ ಕೊಡ್ತೀನಿ.

ಊರಿಗೆ ಬಂದಾಗ ಅವ್ವ ಮೊದಲು ಕೇಳಿದ್ದು "ಎಷ್ಟಾಯ್ತು?" ಹೇಳಿದೆ. "ಅಷ್ಟಕ್ಕೆ ಒಂದು ಮೂಟೆ ಅಕ್ಕಿ ಬತ್ತಿತ್ತು" ಅಂದಳು. ಇಡೀ ದಿನ ಮಾತಿಲ್ಲ. ರಾತ್ರಿ ಪಾತ್ರೆ ತೊಳೀತಾ ಮೆಲ್ಲಗೆ, "ಬಿಸಿನೀರು ತಿರುಗಿಸ್ತಿದ್ದಂಗೆ ಬತ್ತದಾ?" ಅಂದಳು. ಬತ್ತದವ್ವ ಅಂದೆ. "ಮಂಚ ಮೆತ್ತಗಿತ್ತಾ?" ಅಂದಳು.

ಮುಂದಿನ ತಿಂಗಳು ಅವಳ ಸರದಿ. ಒಬ್ಬಳೇ ಮಲಗೋಕೆ ಹೆದರ್ತಾಳೆ, ಅದಕ್ಕೆ ನಾನು ಜೊತೆಗೆ ಹೋಗ್ತೀನಿ, ಮಕ್ಕಳನ್ನ ನಮ್ಮನೆಯವ್ರು ನೋಡ್ಕೋತಾರೆ. ಅವಳ ಆಧಾರ್‌ನಲ್ಲಿ ಹೆಸರು ತಪ್ಪಾಗಿದೆ, ಮೊದಲು ಅದನ್ನ ಸರಿ ಮಾಡಿಸಬೇಕು. ಶನಿವಾರ ಅರಸೀಕೆರೆಗೆ ಕರ್ಕೊಂಡು ಹೋಗ್ತಿದ್ದೀನಿ.