ನರಿಗೆ ಉರುಳು ಹಾಕುವ ಮೊದಲು ಗೂಡಿಗೆ ಚಿಲಕ ಹಾಕಿ

ಮಂಗಳೂರು ನಗರದ ನಡುವೆಯೇ ಇರುವ ಮಣ್ಣಗುಡ್ಡದಲ್ಲಿ ಬಹುಮಹಡಿ ಕಟ್ಟಡಗಳ ಸಂದಿಯಲ್ಲಿ ಈಗಲೂ ಹಂಚಿನ ಮಾಡಿನ ಮನೆಗಳು, ಬಾವಿಕಟ್ಟೆ, ಹಲಸಿನ ಮರ, ಪುಟ್ಟ ಹಿತ್ತಿಲು ಉಳಿದುಕೊಂಡಿವೆ. ಇಂಥ ಹಿತ್ತಿಲಲ್ಲಿ ನಾಲ್ಕಾರು ಊರಕೋಳಿ ಸಾಕುವುದು ಕರಾವಳಿಗೆ ಹೊಸತೇನಲ್ಲ. ಒಂದು ಬೆಳಿಗ್ಗೆ ಗೂಡಿನ ಮುಂದೆ ಪುಕ್ಕ ಚೆಲ್ಲಿರುವುದನ್ನು ಕಂಡಾಗ ಮನೆಯವರ ಬಾಯಿಂದ ಬರುವ ಮೊದಲ ಮಾತು ‘ನರಿ ಬಂದಿತ್ತು’ ಎಂಬುದು. ಎರಡನೆಯದು ಅದನ್ನು ಹಿಡಿಯಬೇಕು, ಇಲ್ಲವೇ ಮುಗಿಸಬೇಕು ಎಂಬುದು. ಸಾಕಿದ ಜೀವ ಹೋದ ಸಂಕಟದಲ್ಲಿ ಹೀಗನ್ನಿಸುವುದು ಸಹಜ. ಆದರೂ ಆ ಎರಡನೆಯ ಮಾತಿನಿಂದ ಒಂದು ಕೋಳಿಯೂ ಉಳಿಯುವುದಿಲ್ಲ. ಕೋಳಿಯನ್ನು ಉಳಿಸುವುದು ಗೂಡಿನ ಬಾಗಿಲು ಮತ್ತು ಬೀದಿಯ ಕಸದ ವಿಲೇವಾರಿ. ಮೊದಲನೆಯದು ಸಾಕುವವರ ಕೆಲಸ, ಎರಡನೆಯದು ಇಡೀ ವಾರ್ಡಿನ ಕೆಲಸ.

ಮೊದಲು ಆರೋಪಿ ಯಾರೆಂದು ನೋಡಬೇಕು. ನಾವು ನರಿ ಎನ್ನುವ ಪ್ರಾಣಿ ಎಂಟು ಹತ್ತು ಕಿಲೋ ತೂಗುವ, ಮುಸ್ಸಂಜೆಯಿಂದ ಮುಂಜಾವದವರೆಗೆ ಓಡಾಡುವ, ಗಂಡು ಹೆಣ್ಣು ಜೋಡಿಯಾಗಿ ಬದುಕುವ ಜೀವಿ. ನಗರದ ಹೊರವಲಯದ ಮುರಕಲ್ಲಿನ ಗುಡ್ಡಗಳಲ್ಲಿ, ಕುರುಚಲು ಕಾಡಿನಲ್ಲಿ ಅದಕ್ಕೆ ನೆಲೆಯಿದೆ. ಕಟ್ಟಡಗಳಿಂದ ಒತ್ತಾದ ಮಣ್ಣಗುಡ್ಡದಂಥ ಕಡೆ ಅದು ಅಪರೂಪದ ಅತಿಥಿ. ಇಲ್ಲಿ ಅದರ ಮೇಲೆ ಅಪವಾದ ಬರುವ ಕೆಲಸ ಮಾಡುವವರು ಬೇರೆ: ಬೀದಿನಾಯಿ, ಮುಂಗುಸಿ, ಹಂಚಿನ ಮಾಡಿನ ಅಟ್ಟದಲ್ಲೇ ಸಂಸಾರ ಹೂಡುವ ಪುನುಗು ಬೆಕ್ಕು, ಹೆಬ್ಬಾವು, ಮರಿಗಳ ಮೇಲೆ ಎರಗುವ ಹದ್ದು. ಒಬ್ಬೊಬ್ಬರ ಗುರುತು ಒಂದೊಂದು ಬಗೆ. ಹಗಲಲ್ಲೇ ಕೋಳಿಯ ಕುತ್ತಿಗೆಗೆ ಕಚ್ಚಿದ ಗಾಯವಿದ್ದರೆ ಮುಂಗುಸಿಯನ್ನು ಶಂಕಿಸಬೇಕು, ಏಕೆಂದರೆ ಅದು ಹಗಲು ಬೇಟೆಗಾರ. ಪುಕ್ಕವೂ ಇಲ್ಲದೆ ಕೋಳಿ ಮಾಯವಾಗಿದ್ದರೆ, ಅಥವಾ ನುಂಗಿ ಊದಿಕೊಂಡು ಬಂದ ಸಂದಿಯಿಂದ ಹೊರಹೋಗಲಾಗದ ಹಾವು ಗೂಡಿನೊಳಗೇ ಸಿಕ್ಕರೆ ಲೆಕ್ಕ ಬಗೆಹರಿಯಿತು. ನಾಲ್ಕೈದು ಕೋಳಿಗಳನ್ನು ಕೊಂದು ಅಲ್ಲೇ ಬಿಟ್ಟುಹೋಗಿದ್ದರೆ ಅದು ಬಹುಮಟ್ಟಿಗೆ ನಾಯಿ. ಇವು ಬರುವ ದಾರಿಗಳೂ ಹತ್ತಿರದಲ್ಲೇ ಇವೆ. ಗುರುಪುರ ನದಿ ಪಕ್ಕದ ಬೋಳೂರು, ಸುಲ್ತಾನ್ ಬತ್ತೇರಿಯ ಬದಿಯಲ್ಲಿ ಹರಿಯುತ್ತದೆ. ನಗರದೊಳಗಿನ ತೋಡುಗಳು, ಚರಂಡಿಗಳು, ಪಾಳುಬಿದ್ದ ಕಾಂಪೌಂಡುಗಳು ಇಂಥ ಪ್ರಾಣಿಗಳಿಗೆ ರಾತ್ರಿಯ ಹಾದಿ. ಶತ್ರು ಇಷ್ಟು ಮಂದಿ ಇರುವಾಗ ಒಂದು ನರಿಯ ಮೇಲೆ ಹಗೆ ಸಾಧಿಸಿ ಪ್ರಯೋಜನವಿಲ್ಲ. ಎಲ್ಲರನ್ನೂ ಒಟ್ಟಿಗೆ ತಡೆಯಬಲ್ಲದ್ದು ಗೂಡು ಮಾತ್ರ.

ಬಂದದ್ದು ನಿಜವಾಗಿ ನರಿಯೇ ಆದರೂ ಅದು ಮತ್ತೆ ಮತ್ತೆ ಬರುವುದೇಕೆ? ಹಟದಿಂದಲ್ಲ, ಲೆಕ್ಕದಿಂದ. ಒಮ್ಮೆ ಸುಲಭವಾಗಿ ಊಟ ಸಿಕ್ಕ ಜಾಗವನ್ನು ಯಾವ ಬೇಟೆಪ್ರಾಣಿಯೂ ಮರೆಯುವುದಿಲ್ಲ. ಬಿಲದಲ್ಲಿ ಮರಿಗಳಿದ್ದರಂತೂ ಆ ಜಾಗವೇ ಅದರ ನಿತ್ಯದ ದಾರಿಯಾಗುತ್ತದೆ. ‘ತಿನ್ನುವುದು ಒಂದು, ಕೊಲ್ಲುವುದು ಹತ್ತು, ಇದು ಕ್ರೌರ್ಯವಲ್ಲದೆ ಮತ್ತೇನು’ ಎಂದು ಸಿಟ್ಟಾಗುವವರು ಹಾನ್ಸ್ ಕ್ರೂಕ್ ಎಂಬ ಪ್ರಾಣಿವರ್ತನಾ ತಜ್ಞರ ಕೆಲಸವನ್ನು ಗಮನಿಸಬೇಕು. ಮಾಂಸಾಹಾರಿ ಪ್ರಾಣಿಗಳು ಅಗತ್ಯಕ್ಕಿಂತ ಹೆಚ್ಚು ಕೊಲ್ಲುವುದರ ಬಗ್ಗೆ 1972ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲೆಂಡಿನ ಕಡಲಹಕ್ಕಿಗಳ ನಡುವೆ ನುಗ್ಗಿದ ಕೆಂಪು ನರಿಗಳ ವಿವರವಿದೆ. ಅವರ ವಿವರಣೆ ಸರಳ. ಹೊಟ್ಟೆ ತುಂಬಿದರೆ ಪ್ರಾಣಿ ಹುಡುಕುವುದನ್ನು ನಿಲ್ಲಿಸುತ್ತದೆ. ಎದುರಿಗೇ ಇರುವ, ಓಡದ ಬೇಟೆಯನ್ನು ಹಿಡಿಯುವ ಪ್ರವೃತ್ತಿ ನಿಲ್ಲುವುದಿಲ್ಲ. ಕಾಡಿನಲ್ಲಿ ಒಂದು ಹಕ್ಕಿ ಸಿಕ್ಕಿಬಿದ್ದರೆ ಉಳಿದವು ಹಾರಿಹೋಗುತ್ತವೆ, ಕೊಲೆ ಅಲ್ಲಿಗೆ ಮುಗಿಯುತ್ತದೆ. ಬಾಗಿಲು ಭದ್ರವಿಲ್ಲದ ಗೂಡಿನಲ್ಲಿ ಕೋಳಿಗಳಿಗೆ ಹಾರಿಹೋಗುವ ದಾರಿಯಿಲ್ಲ, ನುಗ್ಗಿದ ಪ್ರಾಣಿಗೆ ತಡೆಯಿಲ್ಲ. ಅರೆಬರೆ ಗೂಡು ಗೂಡಿಲ್ಲದ್ದಕ್ಕಿಂತ ಅಪಾಯಕಾರಿ ಎಂದು ಇದರಿಂದ ತಿಳಿಯುತ್ತದೆ.

ಕೋಳಿಯ ಕಡೆಯಿಂದಲೂ ಇದನ್ನು ನೋಡಬೇಕು. ಅದರ ಮೂಲ ಕಾಡುಕೋಳಿ. ಕತ್ತಲಾದರೆ ಕೋಳಿಗೆ ಕಣ್ಣು ಕಾಣುವುದು ಬಹಳ ಕಡಿಮೆ. ಅದಕ್ಕೆಂದೇ ಕಾಡುಕೋಳಿ ಸಂಜೆಯೇ ಮರದ ಕೊಂಬೆ ಏರಿ ಕೂರುತ್ತದೆ. ಊರಕೋಳಿಗಳೂ ಬಿಟ್ಟರೆ ಮಾವಿನ ಮರ, ಹಲಸಿನ ಮರ ಹತ್ತುತ್ತವೆ. ಮೈ ತುಂಬಿಕೊಂಡ ಸುಧಾರಿತ ತಳಿಗಳಿಗೆ ಆ ಚುರುಕು ಇಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಿಲ ಸಾಕಣೆಗೆಂದು ರೂಪುಗೊಂಡ ಗಿರಿರಾಜ ತಳಿ ಹೆಸರು ಮಾಡಿತು; ಅದರ ನಂತರ ಅಲ್ಲಿಂದಲೇ ಬಂದ ಸ್ವರ್ಣಧಾರ ಅದಕ್ಕಿಂತ ಹಗುರ. ಕಾಡುಬೆಕ್ಕು, ನರಿಗಳಿಂದ ತಪ್ಪಿಸಿಕೊಳ್ಳಲು ಈ ಹಗುರ ಮೈ ಅನುಕೂಲ ಎಂಬುದು ಸ್ವರ್ಣಧಾರದ ಗುಣಗಳಲ್ಲಿ ಒಂದಾಗಿ ಎಣಿಕೆಯಾಗಿದೆ. ತಳಿ ಆರಿಸುವಾಗಲೇ ಈ ಮಾತು ನೆನಪಿರಲಿ. ಆದರೆ ರಾತ್ರಿಯ ಹೊತ್ತು ಅಡ್ಡಕೋಲಿನ ಮೇಲೆ ಮಂಕಾಗಿ ಕೂತ ಕೋಳಿಗೆ ಯಾವ ತಳಿಯ ಚುರುಕೂ ನೆರವಿಗೆ ಬಾರದು.

ಹಾಗಾದರೆ ಗೂಡು ಹೇಗಿರಬೇಕು? ಅಂಗಡಿಯಲ್ಲಿ ಸುರುಳಿ ಸುರುಳಿಯಾಗಿ ಸಿಗುವ ಆರು ಮೂಲೆಯ ಕಣ್ಣಿನ ತೆಳು ತಂತಿಯ ಕೋಳಿಬಲೆ ಕೋಳಿಯನ್ನು ಒಳಗಿಡಲು ಸಾಕು, ನಾಯಿ ನರಿಗಳನ್ನು ಹೊರಗಿಡಲು ಸಾಲದು. ಹಲ್ಲು ಹಾಕಿ ಎಳೆದರೆ ಕಿತ್ತುಬರುತ್ತದೆ. ಬೇಕಾದ್ದು ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್. ಮುಂಗುಸಿಗೂ ಇಲಿಗೂ ಅಲ್ಲಿ ದಾರಿಯಿಲ್ಲ, ಕೋಳಿ ನುಂಗುವಷ್ಟು ದೊಡ್ಡ ಹಾವಿಗಂತೂ ಇಲ್ಲವೇ ಇಲ್ಲ. ನಾಯಿ ನರಿಗಳು ಬೇಲಿಯ ಬುಡಕ್ಕೇ ಬಂದು ಅಲ್ಲಿಯೇ ನೆಲ ಕೆರೆಯುತ್ತವೆ. ಆದ್ದರಿಂದ ಬಲೆಯನ್ನು ಬುಡದಲ್ಲಿ ಹೊರಕ್ಕೆ ಮಡಚಿ ಒಂದೂವರೆ ಅಡಿ ಅಗಲಕ್ಕೆ ನೆಲದ ಮೇಲೆ ಹಾಸಿ, ಮೇಲೆ ಮಣ್ಣೋ ಕಲ್ಲೋ ಮುಚ್ಚಿದರೆ ಕೆರೆದ ಕಡೆಯೆಲ್ಲ ತಂತಿ ಸಿಕ್ಕಿ ಅವು ಕೈಬಿಡುತ್ತವೆ. ನಮ್ಮಲ್ಲಿ ಧಾರಾಳವಾಗಿ ಸಿಗುವ ಮುರಕಲ್ಲಿನ ಎರಡು ವರಸೆ ಕಟ್ಟಿ ಅದರ ಮೇಲೆ ಗೂಡು ಕೂರಿಸಿದರೆ ಇನ್ನೂ ಭದ್ರ, ಮಳೆನೀರಿನ ಕಾಟವೂ ಇಲ್ಲ. ಹಂಚಿನ ಮಾಡು ಹಾಕುವವರು ಹಂಚಿನ ಕೆಳಗೂ ಬಲೆ ಹೊಡೆಯಬೇಕು. ಹಂಚನ್ನು ಸರಿಸಿ ಒಳಗಿಳಿಯುವುದು ಪುನುಗು ಬೆಕ್ಕಿಗೆ ಕಷ್ಟದ ವಿದ್ಯೆಯಲ್ಲ. ಸಂದಿಯೇ ಬೇಡವೆಂದು ಸುತ್ತ ಹಲಗೆ ಹೊಡೆದು ಮುಚ್ಚುವವರಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಊರಿನಲ್ಲಿ ಗಾಳಿಯಾಡದ ಗೂಡಿನ ನೆಲ ಒದ್ದೆಯಾಗಿ ರಕ್ತಭೇದಿ ಹಬ್ಬುತ್ತದೆ. ನರಿಯಿಂದ ಉಳಿದ ಕೋಳಿ ರೋಗಕ್ಕೆ ಹೋಗುತ್ತದೆ. ಕಡಲಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುವುದರಿಂದ ಮೇ ತಿಂಗಳಲ್ಲಿ ಮಾಡಿನ ಹಂಚು ಸರಿಪಡಿಸುವಾಗಲೇ ಗೂಡಿನ ಬಲೆಯನ್ನೂ ಕೈಯಿಂದ ಎಳೆದು ನೋಡುವುದು ಒಳ್ಳೆಯದು.

ಇಷ್ಟೆಲ್ಲ ಮಾಡಿಯೂ ಸೋಲುವುದು ಸಂಜೆಯ ಅರ್ಧ ಗಂಟೆಯಲ್ಲಿ. ಮಂಗಳೂರಿನಲ್ಲಿ ಡಿಸೆಂಬರಿನಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಜೂನ್‌ನಲ್ಲಿ ಏಳರ ಹತ್ತಿರಕ್ಕೆ. ಮೋಡ ಕವಿದ ದಿನ ಗಡಿಯಾರಕ್ಕಿಂತ ಮೊದಲೇ ಕತ್ತಲು. ಕೆಲಸ ಮುಗಿಸಿ ಎಂಟು ಗಂಟೆಗೆ ಮನೆ ಸೇರುವವರು ಬಾಗಿಲು ಹಾಕುವ ಹೊತ್ತಿಗೆ ಬೇಟೆಯ ಹೊತ್ತು ಶುರುವಾಗಿ ಒಂದು ಗಂಟೆ ಕಳೆದಿರುತ್ತದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ ಎಂಬ ಗಾದೆ ಇಲ್ಲಿಗೆ ಹೇಳಿಮಾಡಿಸಿದ್ದು. ಮನೆಯಲ್ಲಿ ಸಂಜೆ ಯಾರಾದರೊಬ್ಬರು ಈ ಕೆಲಸವನ್ನು ತಮ್ಮದೆಂದು ವಹಿಸಿಕೊಳ್ಳುವುದು ಸಾಧ್ಯವಿಲ್ಲದಿದ್ದರೆ ಕೋಳಿಗಳನ್ನು ಹಗಲೂ ಬಲೆಯ ಆವರಣದಲ್ಲೇ ಇಟ್ಟು ಸಾಕುವುದು ಮೇಲು. ಮುಂಗುಸಿ, ಹದ್ದುಗಳ ಕಾರಣಕ್ಕೆ ಮರಿಗಳಿರುವ ಮನೆಯವರಿಗೆ ಆ ಆವರಣ ಹೇಗೂ ಬೇಕು. ಹಿಂದಿನವರು ಹೇಂಟೆಯನ್ನೂ ಮರಿಗಳನ್ನೂ ಬುಟ್ಟಿ ಕವುಚಿ, ಮೇಲೊಂದು ಕಲ್ಲು ಹೇರಿ ಕಾಪಾಡುತ್ತಿದ್ದುದರ ಹಿಂದಿನ ತಿಳಿವಳಿಕೆಯೂ ಇದೇ.

ಬೀದಿಯ ಮಾತಿಗೆ ಬರೋಣ. ನಾಯಿ, ನರಿ, ಇಲಿ, ಹದ್ದು ಯಾವುದೂ ಮೊದಲು ಬರುವುದು ನಮ್ಮ ಕೋಳಿಗಾಗಿ ಅಲ್ಲ. ಚೀಲದಲ್ಲಿ ಕಟ್ಟಿ ತೋಡಿಗೆ, ಖಾಲಿ ಸೈಟಿಗೆ ಎಸೆದ ಮೀನಿನ ತಲೆ, ಕೋಳಿಯ ಕರುಳು ಪುಕ್ಕ, ಮದುವೆಯೂಟದ ಎಂಜಲು ಅವನ್ನು ಕರೆಯುತ್ತದೆ. ಬಂದವು ಪಕ್ಕದ ಗೂಡನ್ನು ಪತ್ತೆಹಚ್ಚುತ್ತವೆ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ರಾಶಿ ಜರಿದು ಮಂದಾರದ ಮನೆ ತೋಟಗಳ ಮೇಲೆ ಹರಿದಾಗ ಈ ನಗರ ತನ್ನ ಕಸ ಎಲ್ಲಿಗೆ ಹೋಗುತ್ತದೆಂದು ಕಣ್ಣಾರೆ ಕಂಡಿತು. ಅದೇ ಕಸ ಸಣ್ಣ ಸಣ್ಣ ಚೀಲಗಳಲ್ಲಿ ಪ್ರತಿ ವಾರ್ಡಿನ ತಿರುವಿನಲ್ಲೂ ಬೀಳುತ್ತಿದೆ. ಗೂಡಿನ ಬಳಿಯೂ ಇದೇ ನಿಯಮ: ರಾತ್ರಿ ಉಳಿದ ಅಕ್ಕಿನುಚ್ಚಿಗೆ ಇಲಿ ಬರುತ್ತದೆ, ಇಲಿಯ ಬೆನ್ನಿಗೆ ನಾಗರಹಾವು ಬರುತ್ತದೆ. ಮಳೆಗಾಲದಲ್ಲಿ ಇಲಿಜ್ವರ ಕಾಡುವ ಜಿಲ್ಲೆಯಲ್ಲಿ ಸಂಜೆ ಮೇವಿನ ಪಾತ್ರೆ ಎತ್ತಿಡುವುದು ಕೋಳಿಗಷ್ಟೇ ಅಲ್ಲ, ಮನೆಯವರ ಆರೋಗ್ಯಕ್ಕೂ ಬೇಕು.

ಇದಕ್ಕೆ ಎದುರು ಮಾತುಗಳಿವೆ. ಪ್ರಾಣಿಯನ್ನೇ ತೆಗೆದುಬಿಟ್ಟರೆ ಕಥೆ ಮುಗಿಯಿತಲ್ಲ ಎನ್ನುವವರಿಗೆ ಮೊದಲ ಉತ್ತರ ಕಾನೂನಿನದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ನರಿ, ಮುಂಗುಸಿ, ಹೆಬ್ಬಾವುಗಳಿಗೆಲ್ಲ ಇದೆ. ವಿಷವಿಡುವುದು, ಉರುಳು ಹಾಕುವುದು, ಬೋನಿನಲ್ಲಿ ಹಿಡಿಯುವುದು ಎಲ್ಲವೂ ಆ ಕಾಯ್ದೆಯ ಕಣ್ಣಿಗೆ ಬೇಟೆಯೇ. ಕಾನೂನು ಬದಿಗಿರಲಿ, ಇಟ್ಟ ವಿಷ ಯಾರ ಹೊಟ್ಟೆ ಸೇರುತ್ತದೆಂದು ಇಟ್ಟವರ ಕೈಯಲ್ಲಿಲ್ಲ. ನೆರೆಮನೆಯ ನಾಯಿ ತಿನ್ನಬಹುದು, ಸತ್ತದ್ದನ್ನು ತಿಂದ ಗರುಡ ಸಾಯಬಹುದು. ಹಂದಿಗೆಂದು ಹಾಕಿದ ಉರುಳಿಗೆ ಚಿರತೆ ಬೀಳುವುದನ್ನು ದಕ್ಷಿಣ ಕನ್ನಡ ಕಂಡಿದೆ. ಇನ್ನು ಉಪಯೋಗದ ಪ್ರಶ್ನೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಕೆಂಪು ನರಿಗಳ ಅಧ್ಯಯನ ದಶಕಗಳಿಂದ ನಡೆದಿದೆ. ಅಲ್ಲಿ 1994ರಲ್ಲಿ ಕಜ್ಜಿ ರೋಗ ಹಬ್ಬಿ ನರಿಗಳ ಸಂತತಿ ಹೆಚ್ಚುಕಡಿಮೆ ನಾಶವೇ ಆಯಿತು. ವರ್ಷಗಳು ಉರುಳಿದಂತೆ ಅವು ಮತ್ತೆ ನೆಲೆಯೂರಿದವು. ಅಷ್ಟು ದೊಡ್ಡ ಮಾರಿಯೇ ಖಾಲಿ ಮಾಡಿದ ಜಾಗ ತುಂಬಿಕೊಂಡಿತೆಂದರೆ, ಒಂದು ನರಿಯನ್ನು ಹಿಡಿದು ಚಾರ್ಮಾಡಿಯ ಕಾಡಿಗೆ ಬಿಟ್ಟು ಬರುವುದರಿಂದ ಏನಾದೀತು? ಊಟ ಇರುವ ಕಡೆಗೆ ಇನ್ನೊಂದು ಬಂದೇ ಬರುತ್ತದೆ.

ನಾಯಿ ಸಾಕಿದರೆ ಸಾಲದೇ ಎಂಬುದು ಇನ್ನೊಂದು ಮಾತು. ಚಿಕ್ಕಂದಿನಿಂದ ಕೋಳಿಗಳ ಜೊತೆ ಬೆಳೆದ ನಾಯಿ ಒಳ್ಳೆಯ ಕಾವಲೇ, ಅದನ್ನು ಒಪ್ಪುತ್ತೇನೆ. ಆದರೆ ಹಾವನ್ನೂ ಪುನುಗು ಬೆಕ್ಕನ್ನೂ ಅದು ತಡೆಯುವುದಿಲ್ಲ, ಎಲ್ಲ ನಾಯಿಗಳಿಗೂ ಕೋಳಿಯ ಮೇಲೆ ಆ ಸಂಯಮ ಇರುವುದಿಲ್ಲ. ಮಿನುಗುವ ದೀಪ, ರೇಡಿಯೊ, ಗಾಳಿಗೆ ಹೊಳೆಯುವ ಸೀಡಿಗಳು ಕೆಲವು ರಾತ್ರಿ ಕೆಲಸ ಮಾಡುತ್ತವೆ. ಅಪಾಯವಿಲ್ಲವೆಂದು ಅರಿತ ಪ್ರಾಣಿ ಅವುಗಳ ಬೆಳಕಿನಲ್ಲೇ ಬಂದು ಹೋಗುತ್ತದೆ. ತೀರಾ ಗಂಭೀರವಾದದ್ದು ರೇಬೀಸ್ ಭಯ, ಅದನ್ನು ಅಲ್ಲಗಳೆಯುವಂತಿಲ್ಲ. ಮುಂಬೈಯ ಕಾಂಡ್ಲಾ ಕಾಡುಗಳಲ್ಲಿ ನರಿಗಳಿವೆ; 2024ರಲ್ಲಿ ಚೆಂಬೂರಿನ ಸುತ್ತ ಸಿಕ್ಕ ನರಿಗಳಲ್ಲಿ ರೇಬೀಸ್ ಪತ್ತೆಯಾಗಿತ್ತು. ಹಾಗೆಂದೇ ಕೋಲು ಹಿಡಿದು ನರಿಯ ಬೆನ್ನಟ್ಟುವುದು, ಮೂಲೆಗೆ ಒತ್ತುವುದು ಬೇಡ ಎನ್ನುತ್ತೇನೆ. ಭದ್ರ ಗೂಡಿದ್ದರೆ ಮನುಷ್ಯನೂ ನರಿಯೂ ಮುಖಾಮುಖಿಯಾಗುವ ಸಂದರ್ಭವೇ ಬಾರದು. ಯಾವ ಪ್ರಾಣಿ ಕಚ್ಚಿದರೂ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಸಾಕುನಾಯಿಗೆ ವರ್ಷಕ್ಕೊಮ್ಮೆ ಲಸಿಕೆ ತಪ್ಪಿಸಬಾರದು.

ಆರು ಕೋಳಿಗೆ ಇಷ್ಟು ಖರ್ಚೇ ಎಂಬ ಪ್ರಶ್ನೆ ನ್ಯಾಯವಾದದ್ದು. ಹಳೆಯ ಮನೆ ಕೆಡವಿದ ಕಡೆ ಹಂಚು, ರೀಪು, ಕಲ್ಲು ಅಗ್ಗಕ್ಕೆ ಸಿಗುತ್ತವೆ. ಖರ್ಚು ಬೀಳುವುದು ಮುಖ್ಯವಾಗಿ ಬಲೆಗೆ. ಅದನ್ನೂ ಭರಿಸಲಾಗದ ಮನೆಗಳಿವೆ, ಮೊಟ್ಟೆಯ ಆದಾಯವನ್ನು ನೆಚ್ಚಿಕೊಂಡಿರುವುದೂ ಅಂಥವರೇ. ಇಲ್ಲಿ ಸರ್ಕಾರಕ್ಕೆ ಕೆಲಸವಿದೆ. ಪಶುಪಾಲನಾ ಇಲಾಖೆ ಹಿತ್ತಿಲ ಸಾಕಣೆಗೆ ಕೋಳಿಮರಿ ವಿತರಿಸುವ ಯೋಜನೆಗಳನ್ನು ನಡೆಸಿಕೊಂಡು ಬಂದಿದೆ. ಮರಿ ಕೊಟ್ಟು ಗೂಡಿನ ವಿಚಾರ ಬಿಟ್ಟರೆ ಆ ಮರಿಗಳಲ್ಲಿ ಎಷ್ಟೋ ಮುಂಗುಸಿಗೆ, ನಾಯಿಗೆ ಹೋಗುತ್ತವೆ. ಹಣ ಖರ್ಚಾಗುತ್ತದೆ, ಮೊಟ್ಟೆ ಬರುವುದಿಲ್ಲ. ಮರಿಗಳ ಜೊತೆಗೆ ಒಂದು ಗೂಡಿಗಾಗುವಷ್ಟು ವೆಲ್ಡ್ ಮೆಶ್, ಕನ್ನಡದಲ್ಲಿ ಅಚ್ಚಾದ ಒಂದು ಹಾಳೆಯ ನಕ್ಷೆ ಕೊಡಲಿ. ಮಹಾನಗರ ಪಾಲಿಕೆ ಕೋಳಿ, ಮೀನು ಅಂಗಡಿಗಳ ತ್ಯಾಜ್ಯವನ್ನು ಆಯಾ ದಿನ ಸಂಜೆಯೊಳಗೆ ಪ್ರತ್ಯೇಕವಾಗಿ ಎತ್ತುವ ವ್ಯವಸ್ಥೆಯನ್ನು ಒಂದು ವಾರ್ಡಿನಲ್ಲಾದರೂ ಕಟ್ಟುನಿಟ್ಟಾಗಿ ನಡೆಸಿ ನೋಡಲಿ. ನದಿಯೂ ತೋಡುಗಳೂ ಹತ್ತಿರವಿರುವ ಮಣ್ಣಗುಡ್ಡ ಆ ಪ್ರಯೋಗಕ್ಕೆ ತಕ್ಕ ಜಾಗ. ಮಳೆ ಹಿಡಿಯುವ ಮೊದಲೇ ಶುರುಮಾಡಿದರೆ ಆ ವರ್ಷದ ಮರಿಗಳಿಗೇ ಅದರ ಫಲ ಸಿಗುತ್ತದೆ.