ಲೋಡಿಗೆ ಎಷ್ಟು ಅಂದರೆ ಸಾಲದು, ಎಲ್ಲಿಗೆ ಅಂತಲೂ ಕೇಳಬೇಕು

ಹೊಸೂರಿನ ಹಳೇ ಬೀದಿಗಳಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಒಂದಲ್ಲ ಒಂದು ಕಡೆ ಜೆಸಿಬಿ ನಿಂತಿರುತ್ತದೆ. ಅಜ್ಜನ ಕಾಲದ ಹೆಂಚಿನ ಮನೆಯೂ ಬೀಳುತ್ತಿದೆ, ಅಪ್ಪ ಕಟ್ಟಿಸಿದ ತಾರಸಿ ಮನೆಯೂ ಬೀಳುತ್ತಿದೆ. ಅದೇ ಜಾಗದಲ್ಲಿ ಮೂರು ಅಂತಸ್ತು ಏಳುತ್ತದೆ. ಕೆಳಗೆ ಅಂಗಡಿ, ಮೇಲೆ ಬಾಡಿಗೆ ಮನೆ. ಕಾರ್ಖಾನೆಗೆ ಬರುವ ಹುಡುಗರಿಗೆ ಮನೆ ಬೇಕು, ಜಾಗ ಉಳ್ಳವರಿಗೆ ಬಾಡಿಗೆ ಬೇಕು. ಅದರಲ್ಲಿ ತಪ್ಪೇನಿಲ್ಲ. ಆದರೆ ಕೆಡವಿದ ಇಟ್ಟಿಗೆ, ಗಾರೆ, ಕಾಂಕ್ರೀಟು ಎಲ್ಲಿಗೆ ಹೋಗ್ತದೆ ಅಂತ ಕೇಳಿದರೆ ಸಿಗೋ ಉತ್ತರ ಒಂದೇ: ‘ಟ್ರ್ಯಾಕ್ಟರ್‌ನೋರು ತಗೊಂಡು ಹೋಗ್ತಾರೆ.’ ಟ್ರ್ಯಾಕ್ಟರ್‌ನೋರು ಎಲ್ಲಿಗೆ ತಗೊಂಡು ಹೋಗ್ತಾರೆ ಅಂತ ಮುಂದಕ್ಕೆ ಕೇಳುವವರು ಕಡಿಮೆ.

ಊರು ಬೆಳೆದ ಪರಿ ಸಾಮಾನ್ಯದ್ದಲ್ಲ. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬರುವ ತನಕ ಹೊಸೂರು ಸಂತೆ, ರಾಗಿ, ರೇಷ್ಮೆಗಳ ಊರು. 2001ರ ಜನಗಣತಿಯಲ್ಲಿ ಪುರಸಭೆಯ ಜನಸಂಖ್ಯೆ 84 ಸಾವಿರ, 2011ರಲ್ಲಿ 1 ಲಕ್ಷ 16 ಸಾವಿರ. ಆಮೇಲೆ ಜೂಜುವಾಡಿ, ಮತ್ತಿಗಿರಿಯಂಥ ಅಕ್ಕಪಕ್ಕದ ಊರುಗಳೂ ಪಟ್ಟಣದೊಳಗೆ ಸೇರಿ, 2019ರಲ್ಲಿ ಮಹಾನಗರ ಪಾಲಿಕೆ ಆಯಿತು. 2024ರ ಜೂನ್‌ನಲ್ಲಿ 2 ಸಾವಿರ ಎಕರೆಯ ವಿಮಾನ ನಿಲ್ದಾಣದ ಘೋಷಣೆ ಬಂತು. ಘೋಷಣೆ ಬಂದ ಮೇಲೆ ಸೈಟಿನ ಬೆಲೆ ಕೇಳೋದೇ ಬೇಡ. 2024-25ರಲ್ಲಿ ತಮಿಳುನಾಡಿನ ಆರ್ಥಿಕ ಬೆಳವಣಿಗೆ ಶೇ. 11 ದಾಟಿತು. ಇಷ್ಟು ವೇಗವಾಗಿ ಬೆಳೆಯುವ ರಾಜ್ಯದಲ್ಲಿ, ಅದರಲ್ಲೂ ಬೆಂಗಳೂರಿಗೆ 40 ಕಿಲೋಮೀಟರ್ ದೂರದ ಊರಿನಲ್ಲಿ, ಕಟ್ಟುವುದು ಎಷ್ಟೋ ಕೆಡವುವುದೂ ಅಷ್ಟೇ ನಡೆಯುತ್ತದೆ. ಕಟ್ಟುವ ಖರ್ಚಿಗೆ ಬ್ಯಾಂಕ್ ಸಾಲ ಕೊಡುತ್ತೆ, ಎಂಜಿನಿಯರ್ ಅಂದಾಜು ಪಟ್ಟಿ ಕೊಡ್ತಾನೆ. ಕೆಡವಿದ್ದನ್ನು ಸಾಗಿಸುವ ಖರ್ಚು ಮಾತ್ರ ಯಾವ ಪಟ್ಟಿಯಲ್ಲೂ ಸರಿಯಾಗಿ ಕಾಣುವುದಿಲ್ಲ. ಕೊನೆಯಲ್ಲಿ ‘ಇತರೆ’ ಅಂತ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಅದನ್ನೊಮ್ಮೆ ಲೆಕ್ಕ ಹಾಕಿ ನೋಡಬೇಕು. ಪಕ್ಕಾ ಮನೆ ಕೆಡವಿದರೆ ಚದರ ಮೀಟರಿಗೆ ಸುಮಾರು 500 ಕಿಲೋ ಅವಶೇಷ ಬರುತ್ತದೆ ಎನ್ನುವುದು ಟೈಫ್ಯಾಕ್ ಸಂಸ್ಥೆ ಹಿಂದೆ ಕೊಟ್ಟ ಅಂದಾಜು, ಇವತ್ತಿಗೂ ಎಲ್ಲರೂ ಹಿಡಿಯುವ ಅಂದಾಜು. ಸಾವಿರ ಚದರಡಿ ಮನೆ ಎಂದರೆ 93 ಚದರ ಮೀಟರ್, ಅಂದರೆ 46 ಟನ್. ಗೋಡೆ ದಪ್ಪ ಇದ್ದರೆ, ಪಾಯ ಅಗೆದರೆ ಇನ್ನೂ ಹೆಚ್ಚು. ಟ್ರ್ಯಾಕ್ಟರ್ ಟ್ರೈಲರಿಗೆ ಒಂದು ಯೂನಿಟ್, ಅಂದರೆ 100 ಘನ ಅಡಿ ತುಂಬಿದರೆ ಮೂರೂವರೆ ಟನ್ ಆಸುಪಾಸು. ಹಾಗಾದರೆ ಒಂದು ಸಾಧಾರಣ ಮನೆಗೆ ಕನಿಷ್ಠ 13 ಲೋಡು. ಲೋಡಿಗೆ 1500 ರೂಪಾಯಿಗೆ ಕುದುರಿತು ಅಂತಿಟ್ಟುಕೊಂಡರೂ 19,500 ರೂಪಾಯಿ. ಜೆಸಿಬಿ ಗಂಟೆ ಬಾಡಿಗೆ, ತುಂಬುವ ಆಳುಗಳ ಕೂಲಿ ಬೇರೆ. ಬೇಡದ ಕಸಕ್ಕೆ ಇಷ್ಟು ಹಣವೇ ಅಂತ ಮನೆಯವರು ಹೌಹಾರುತ್ತಾರೆ. ‘ಇನ್ನೂರು ಕಡಿಮೆ ಮಾಡ್ಕೊಳಪ್ಪ’ ಅಂತ ಚೌಕಾಸಿ ಶುರುವಾಗುತ್ತೆ.

ಆ ಇನ್ನೂರು ರೂಪಾಯಿ ಎಲ್ಲಿಂದ ಕಡಿಮೆ ಆಗಬೇಕು? ಡೀಸೆಲ್ ಬೆಲೆ ಚಾಲಕನ ಕೈಲಿಲ್ಲ. ಆಳಿನ ಕೂಲಿ ಕಡಿಮೆ ಮಾಡಿದರೆ ನಾಳೆ ಆಳು ಬರುವುದಿಲ್ಲ. ಉಳಿದದ್ದು ದೂರ ಒಂದೇ. ಹತ್ತು ಕಿಲೋಮೀಟರ್ ಆಚೆ ಸುರಿಯಬೇಕಾದ ಲೋಡು ಎರಡೇ ಕಿಲೋಮೀಟರಿಗೆ ಇಳಿಯುತ್ತದೆ. ರಾತ್ರಿ ಹತ್ತರ ಮೇಲೆ, ದೀಪ ಇಲ್ಲದ ಕಡೆ, ಕೆರೆ ಅಂಗಳದಲ್ಲೋ ರಾಜಕಾಲುವೆ ಬದಿಯಲ್ಲೋ ಹೆದ್ದಾರಿ ಪಕ್ಕದ ಹಳ್ಳದಲ್ಲೋ. ಹೊಸೂರಿನ ಬಾಡಿಗೆ ದರ ಇಷ್ಟಕ್ಕೇ ನಿಂತಿರುವುದು ಯಾಕೆ ಅಂದರೆ, ಆ ದರದಲ್ಲಿ ಸುರಿಯುವ ಜಾಗದ ಬೆಲೆ ಸೇರಿಲ್ಲ.

ಅಮೆರಿಕದಲ್ಲಿ ಮಕ್ಕಳಿರುವ ಹೊಸೂರಿನ ಮನೆಗಳವರಿಗೆ ಡಂಪ್‌ಸ್ಟರ್ ಗೊತ್ತಿರುತ್ತದೆ. ಟೆಕ್ಸಾಸ್‌ನಂಥ ಬೆಳೆಯುವ ರಾಜ್ಯದಲ್ಲಿ, ಅಲ್ಲಿ ಜನಸಂಖ್ಯೆ 2022ರಲ್ಲೇ 3 ಕೋಟಿ ದಾಟಿತು, ಮನೆ ರಿಪೇರಿ ಅಂದರೆ ಬಾಗಿಲ ಮುಂದೆ ದೊಡ್ಡ ಕಬ್ಬಿಣದ ತೊಟ್ಟಿ ಬಂದು ಕೂರುತ್ತದೆ. ಅಳತೆ ಘನ ಗಜದಲ್ಲಿ. 20 ಗಜದ ತೊಟ್ಟಿ ಅಂದರೆ 540 ಘನ ಅಡಿ, ಇಲ್ಲಿನ ಐದು ಟ್ರ್ಯಾಕ್ಟರ್ ಲೋಡಿಗಿಂತ ಸ್ವಲ್ಪ ಹೆಚ್ಚು. ಆದರೆ ಕಾಂಕ್ರೀಟು ತುಂಬುವುದಾದರೆ ಅಷ್ಟು ದೊಡ್ಡದು ಕೊಡುವುದಿಲ್ಲ, ತೂಕಕ್ಕೆ ಲಾರಿ ಎತ್ತಲಾಗದು ಎಂದು ಚಿಕ್ಕದು ಕೊಡುತ್ತಾರೆ. ಎಷ್ಟು ದಿನ ಇಟ್ಟುಕೊಳ್ತೀರಿ, ಎಷ್ಟು ಟನ್ ತುಂಬ್ತೀರಿ, ಎಷ್ಟು ದೂರ ಅನ್ನೋದರ ಮೇಲೆ ಬಾಡಿಗೆ. ಟನ್ ಮಿತಿ ಮೀರಿದರೆ ಮೇಲೆ ದಂಡ. ಈ ಎಲ್ಲದರ ಒಳಗೆ ಸುರಿಯುವ ಜಾಗದವರಿಗೆ ಟನ್ ಲೆಕ್ಕದಲ್ಲಿ ಕಟ್ಟುವ ಶುಲ್ಕವೂ ಸೇರಿರುತ್ತದೆ. ಊರು ಬೆಳೆದು ಸುರಿಯುವ ಜಾಗ ದೂರ ಆದಷ್ಟೂ ಬಾಡಿಗೆ ಏರುತ್ತದೆ. ಜನ ಗೊಣಗುತ್ತಾರೆ, ಆದರೂ ಕಟ್ಟುತ್ತಾರೆ. ಅಮೆರಿಕದಲ್ಲಿ ಎಲ್ಲಾ ಸರಿ ಇದೆ ಅಂತಲ್ಲ, ಕದ್ದು ಸುರಿಯುವವರು ಅಲ್ಲೂ ಇದ್ದಾರೆ. ಆದರೆ ಬಿಲ್ಲಿನಲ್ಲಿ ಕಸದ ಕೊನೆಯ ಜಾಗಕ್ಕೂ ಒಂದು ಬೆಲೆ ಇದೆ.

ಇಲ್ಲಿ ಕಾನೂನು ಇಲ್ಲವೇ? ಬೇಕಾದಷ್ಟಿದೆ. ಕಟ್ಟಡ ನಿರ್ಮಾಣ ಮತ್ತು ಕೆಡವುವಿಕೆ ತ್ಯಾಜ್ಯಕ್ಕೆಂದೇ ಕೇಂದ್ರ ಸರ್ಕಾರ 2016ರಲ್ಲಿ ಪ್ರತ್ಯೇಕ ನಿಯಮ ತಂದಿತು. ರಸ್ತೆಯಲ್ಲಿ, ಚರಂಡಿಯಲ್ಲಿ ಸುರಿಯುವಂತಿಲ್ಲ ಎಂದಿತು. ಸ್ಥಳೀಯ ಸಂಸ್ಥೆ ತಾನೇ ಸೂಕ್ತ ತೊಟ್ಟಿಗಳನ್ನಿಟ್ಟು, ತುಂಬಿದಾಗ ತೆಗೆಸಬೇಕು ಎಂದೂ ಬರೆಯಿತು. ಐದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೂ ಸಂಸ್ಕರಣೆ ವ್ಯವಸ್ಥೆ ಶುರು ಮಾಡಲು ಮೂರು ವರ್ಷದ ಗಡುವು ಕೊಟ್ಟಿತ್ತು, ಅಂದರೆ 2019. ಇನ್ನೊಂದು ಅಂಶ ಮನೆ ಕೆಡವುವ ಬಹಳ ಮಂದಿಗೆ ಗೊತ್ತೇ ಇಲ್ಲ. ಒಂದೇ ದಿನ 20 ಟನ್ ಮೇಲೆ ಅವಶೇಷ ಮಾಡುವವರು ಕಾಂಕ್ರೀಟು, ಮಣ್ಣು, ಇಟ್ಟಿಗೆ ಗಾರೆ, ಕಬ್ಬಿಣ ಮರ ಪ್ಲಾಸ್ಟಿಕ್ಕು ಅಂತ ನಾಲ್ಕು ಭಾಗ ಮಾಡಬೇಕು, ಮೊದಲೇ ಯೋಜನೆ ಕೊಟ್ಟು ಒಪ್ಪಿಗೆ ಪಡೆಯಬೇಕು ಎಂದಿತ್ತು ಆ ನಿಯಮ. ಜೆಸಿಬಿ ತಂದು ಸಾವಿರ ಚದರಡಿ ಮನೆಯನ್ನು ಒಂದೆರಡು ದಿನದಲ್ಲಿ ಕೆಡವಿದವರು ಆ ಮಿತಿ ದಾಟಿದಂತೆಯೇ. ದೊಡ್ಡ ಬಿಲ್ಡರನ್ನು ಹಿಡಿಯಲು ಹಾಕಿದ ಬಲೆಗೆ ನಿವೃತ್ತ ಮೇಷ್ಟ್ರೂ ಬೀಳುತ್ತಾರೆ! ಬಿದ್ದದ್ದು ಅವರಿಗೂ ಗೊತ್ತಿಲ್ಲ, ಬಲೆ ಹಾಕಿದವರಿಗೂ ಗೊತ್ತಿಲ್ಲ.

2025ರ ಏಪ್ರಿಲ್‌ನಲ್ಲಿ ಅಧಿಸೂಚನೆಯಾದ ಹೊಸ ನಿಯಮಕ್ಕೆ 2026ರ ಏಪ್ರಿಲ್ 1ರಿಂದ ಜಾರಿ ಎಂದು ದಿನ ಗೊತ್ತುಪಡಿಸಿದ್ದಾರೆ. ಅದರಲ್ಲಿ 20 ಸಾವಿರ ಚದರ ಮೀಟರಿಗೂ ಮೇಲ್ಪಟ್ಟ ಯೋಜನೆಗಳವರು ತಮ್ಮ ಅವಶೇಷದ ಮರುಬಳಕೆಗೆ ತಾವೇ ಹೊಣೆ. ಕಾರ್ಖಾನೆ, ಅಪಾರ್ಟ್‌ಮೆಂಟುಗಳ ಮಟ್ಟಿಗೆ ಇದು ಸರಿಯಾದ ಹೆಜ್ಜೆ. ಆದರೆ ಹೊಸೂರಿನ ಬೀದಿಗಳಲ್ಲಿ ದಿನಾ ಬೀಳುತ್ತಿರುವುದು 20 ಸಾವಿರ ಚದರ ಮೀಟರಿನ ಕಟ್ಟಡಗಳಲ್ಲ, ಮೂವತ್ತು ನಲವತ್ತರ ಸೈಟಿನ ಮನೆಗಳು. ಒಂದು ಮನೆಯದು 13 ಲೋಡು, ನೂರು ಮನೆಯದು 1300 ಲೋಡು. ದೊಡ್ಡವರ ಹೊಣೆಯನ್ನು ಕಾಗದದಲ್ಲಿ ಬರೆದು ಚಿಕ್ಕವರ ಪಾಡು ಟ್ರ್ಯಾಕ್ಟರ್ ಚಾಲಕನಿಗೆ ಬಿಟ್ಟರೆ ಕೆರೆಗೆ ಬೀಳುವ ಮಣ್ಣು ಕಡಿಮೆ ಆಗುವುದಿಲ್ಲ.

ಸಿಕ್ಕಿಬಿದ್ದಾಗ ದಂಡ ಕಟ್ಟುವವನೂ ಚಾಲಕನೇ. ಸಾಲ ಮಾಡಿ ಟ್ರ್ಯಾಕ್ಟರ್ ಕೊಂಡ ರೈತರ ಮಕ್ಕಳು, ಹೊಲದ ಕೆಲಸ ಇಲ್ಲದ ದಿನ ಕಂತು ಕಟ್ಟೋಕೆ ಈ ಬಾಡಿಗೆಗೆ ಹೋಗ್ತಾರೆ. ಅವರನ್ನೇ ಕಳ್ಳರು ಅನ್ನೋದು ಸುಲಭ. ಸುರಿಯಲು ಒಂದು ಅಧಿಕೃತ ಜಾಗ ತೋರಿಸದೆ, ಅಲ್ಲಿಗೆ ಹೋಗುವ ದೂರಕ್ಕೆ ಕಾಸು ಕೊಡದೆ, ‘ಕೆರೆಗೆ ಯಾಕೆ ಸುರಿದೆ’ ಅಂತ ಕೇಳುವುದರಲ್ಲಿ ನ್ಯಾಯ ಅಷ್ಟಕ್ಕಷ್ಟೇ.

ಬೆಲೆ ತೆರುವವರು ಬೇರೆಯೇ ಇದ್ದಾರೆ. ಬಾಗಲೂರು, ಬೇರಿಕೆ, ಕೆಲಮಂಗಲ, ತಳಿ ಕಡೆ ಗುಲಾಬಿ, ಟೊಮೆಟೊ, ಎಲೆಕೋಸು ಬೆಳೆಯುವವರ ಬೋರ್‌ವೆಲ್‌ಗೆ ನೀರು ಇಳಿಯಬೇಕಾದ್ದು ಕೆರೆಯಿಂದ. ಕೆರೆ ಅಂಚಿಗೆ ಮೊದಲು ಹತ್ತು ಲೋಡು ಬೀಳುತ್ತೆ. ಮಳೆ ಬಂದು ಅದು ಗಟ್ಟಿಯಾಗುತ್ತೆ. ಮುಂದಿನ ವರ್ಷ ಅದರ ಮೇಲೆ ಇನ್ನಷ್ಟು. ನಾಲ್ಕನೇ ವರ್ಷಕ್ಕೆ ಅಲ್ಲಿ ಕಲ್ಲು ನೆಟ್ಟು ಸೈಟು ಅಂತಾರೆ. ಬೆಂಗಳೂರಿನ ಕೊಳಚೆಯ ನೊರೆ ಕೆಲವರಪಳ್ಳಿ ಜಲಾಶಯಕ್ಕೆ ಬಂದಾಗ ಮೇಲಿನವರನ್ನು ಬೈದ ಊರು ಇದು. ಬೈದದ್ದು ಸರಿಯೇ. ತನ್ನ ಕೆರೆಗೆ ತನ್ನದೇ ಇಟ್ಟಿಗೆ ಸುರಿಯುವಾಗಲೂ ಅದೇ ಸಿಟ್ಟು ಬರಬೇಕಿತ್ತು.

ಗಡಿ ಬೇರೆ ಇದೆ. ಹೊಸೂರು ಕಡೆಯಿಂದ ಬೆಂಗಳೂರಿಗೆ ಜಲ್ಲಿ, ಎಂ-ಸ್ಯಾಂಡ್ ಹೊತ್ತ ಟಿಪ್ಪರ್‌ಗಳು ಅತ್ತಿಬೆಲೆ ದಾಟುತ್ತವೆ. ಖಾಲಿ ವಾಪಸ್ ಬರುವ ಗಾಡಿಗೆ ಅಲ್ಲಿನ ಅವಶೇಷ ಹೇರಿಕೊಂಡು ಬರುವ ಆಸೆ ಹುಟ್ಟಿದರೆ ಜೂಜುವಾಡಿಯಲ್ಲಿ ತಡೆಯುವವರು ಯಾರು? ಇದು ಬರೀ ಭಯ ಅಲ್ಲ. 2024ರ ಡಿಸೆಂಬರ್‌ನಲ್ಲಿ ಕೇರಳದ ಆಸ್ಪತ್ರೆ ಕಸ ತಿರುನೆಲ್ವೇಲಿ ಜಿಲ್ಲೆಯ ಹಳ್ಳಿಗಳಲ್ಲಿ ಬಿದ್ದಿತ್ತು. ಹಸಿರು ನ್ಯಾಯಮಂಡಳಿ ಗದರಿದ ಮೇಲೆ ಲಾರಿಗಳಲ್ಲಿ ವಾಪಸ್ ಹೋಯಿತು. ಆಸ್ಪತ್ರೆ ಕಸದಲ್ಲಿ ಚೀಟಿ ಸಿಗುತ್ತೆ, ವಿಳಾಸ ಸಿಗುತ್ತೆ. ಒಡೆದ ಇಟ್ಟಿಗೆಯಲ್ಲಿ ಯಾವ ರಾಜ್ಯದ ವಿಳಾಸವೂ ಇರುವುದಿಲ್ಲ.

ಪಾಲಿಕೆ ಮಾಡಬೇಕಾದ್ದು ಆಕಾಶಕ್ಕೆ ಏಣಿ ಹಾಕುವಂಥದ್ದಲ್ಲ. ಕೆಡವಲು ಅನುಮತಿ ಕೊಡುವಾಗಲೇ ಮನೆ ಅಳತೆಗೆ ತಕ್ಕ ಠೇವಣಿ ಇಟ್ಟುಕೊಳ್ಳಲಿ. ಅಧಿಕೃತ ಜಾಗದಲ್ಲಿ ಸುರಿದ ರಸೀದಿ ತಂದವರಿಗೆ ಠೇವಣಿ ವಾಪಸ್ ಕೊಡಲಿ. ಆಗ ಚಾಲಕ ಎಲ್ಲಿ ಸುರಿದ ಅನ್ನೋದು ಮನೆಯವರಿಗೇ ಮುಖ್ಯ ಆಗುತ್ತೆ, ಇನ್ನೂರು ರೂಪಾಯಿ ಚೌಕಾಸಿಯೂ ನಿಲ್ಲುತ್ತೆ. ಬಚ್ಚಲು ರಿಪೇರಿ, ಗೋಡೆ ಒಡೆಯೋ ಕೆಲಸದ ಅರ್ಧ ಲೋಡಿಗೆ ವಾರ್ಡಿಗೊಂದು ತೊಟ್ಟಿ ಇಡಲಿ, ಅದಕ್ಕೆ ದುಡ್ಡು ಕೇಳುವುದು ಬೇಡ. ಒಂದು ಕೋಣೆಯ ಗೂಡನ್ನು ಎರಡು ಮಾಡಿಕೊಳ್ಳುವ ಬಡವನಿಗೂ ಅಪಾರ್ಟ್‌ಮೆಂಟಿಗೂ ಒಂದೇ ದರ ಹಾಕಿದರೆ ಅವನ ಕಸ ಖಂಡಿತಾ ಚರಂಡಿ ಸೇರುತ್ತದೆ. ಉಳಿದವರಿಗೆ ಬಾಡಿಗೆ ಹೆಚ್ಚುತ್ತದೆ. ಹೆಚ್ಚಲಿ. ಐವತ್ತು ಲಕ್ಷದ ಕಟ್ಟಡ ಕಟ್ಟುವವರಿಗೆ ಇನ್ನು ಹತ್ತು ಸಾವಿರ ಭಾರ ಅಲ್ಲ.

ಇದೆಲ್ಲದರ ತಿಳಿವಳಿಕೆ ಪತ್ರ ಹೊರಡಿಸುವಾಗ ತಮಿಳಿನ ಜೊತೆ ಕನ್ನಡ, ತೆಲುಗಿನಲ್ಲೂ ಇರಲಿ. ತಾಲ್ಲೂಕಿನಲ್ಲಿ ಶೇ. 15ರಷ್ಟು ಮಂದಿ ಆಡುವ ಅಲ್ಪಸಂಖ್ಯಾತ ಭಾಷೆಯಲ್ಲೂ ಮುಖ್ಯ ಸೂಚನೆ ಪ್ರಕಟಿಸಬೇಕೆಂಬುದು ರಾಜ್ಯಗಳೇ ಒಪ್ಪಿಕೊಂಡ ಹಳೇ ಮಾತು. ಹಳೇ ಮನೆ ಇರುವುದು ಬಹುಪಾಲು ಹಳೇ ತಲೆಯವರ ಹೆಸರಲ್ಲಿ, ಅವರಲ್ಲಿ ಕನ್ನಡ ಬಿಟ್ಟು ಬೇರೆ ಓದಲು ಬಾರದವರೂ ಇದ್ದಾರೆ.

ಇನ್ನು ಸುರಿದದ್ದನ್ನು ಏನು ಮಾಡೋದು ಅನ್ನುವ ಪ್ರಶ್ನೆ. ದೆಹಲಿಯ ಬುರಾಡಿಯಲ್ಲಿ 2009ರಿಂದಲೇ ಕಟ್ಟಡದ ಅವಶೇಷ ಪುಡಿ ಮಾಡಿ ಮತ್ತೆ ಬಳಸುವ ಘಟಕ ನಡೆಯಿತು. ಒಡೆದ ಕಾಂಕ್ರೀಟಿನಿಂದ ಮಾಡಿದ ಜಲ್ಲಿಯನ್ನು ಸಾದಾ ಕಾಂಕ್ರೀಟಿನಲ್ಲಿ ಶೇ. 25ರವರೆಗೆ ಬಳಸಬಹುದು ಎಂದು 2016ರಲ್ಲಿ ಪರಿಷ್ಕರಿಸಿದ ಐಎಸ್ 383 ಮಾನದಂಡವೇ ಒಪ್ಪಿದೆ. ಬೆಡ್ ಕಾಂಕ್ರೀಟಿನಂಥ ತೆಳು ಮಿಶ್ರಣಕ್ಕೆ ಪೂರ್ತಿ ಅದನ್ನೇ ಹಾಕಬಹುದು. ಹೊಸೂರಿಗೆ ದೆಹಲಿಯಷ್ಟು ದೊಡ್ಡ ಯಂತ್ರ ಬೇಡ. ಕೃಷ್ಣಗಿರಿ ಜಿಲ್ಲೆಯಲ್ಲಿ ಕಲ್ಲು ಒಡೆಯುವ ಕ್ರಷರ್‌ಗಳಿಗೆ ಬರವಿಲ್ಲ, ಕಲ್ಲು ತೆಗೆದು ಬಿಟ್ಟ ಗುಂಡಿಗಳಿಗೂ ಬರವಿಲ್ಲ. ಪ್ಲಾಸ್ಟಿಕ್ಕು, ಬಣ್ಣದ ಡಬ್ಬಿ ಬೇರ್ಪಡಿಸಿ ಉಳಿದದ್ದನ್ನು ಒಂದು ಕ್ರಷರ್‌ಗೆ ವಾರದಲ್ಲಿ ಎರಡು ದಿನ ಕೊಟ್ಟರೂ ಶುರು ಮಾಡಬಹುದು. ಪಾಲಿಕೆಯ ಮುಂದಿನ ಚರಂಡಿ, ಪಾದಚಾರಿ ದಾರಿಯ ಟೆಂಡರಿನಲ್ಲಿ ಈ ಜಲ್ಲಿ ಬಳಸಬೇಕು ಅಂತ ಒಂದು ಸಾಲು ಸೇರಿಸಲು ಚೆನ್ನೈಗೆ ಹೋಗಬೇಕಿಲ್ಲ.