ಪರಮಾಣುವಿನ ಕಸವೂ ಗಾಜಿನ ಕೆಲಸವೂ

ಕಳೆದ ತಿಂಗಳು ಈ ಪುಟದ ವಾಚಕರಾದ ತಾಯಿಯೊಬ್ಬರು ಕಾಗದ ಬರೆದಿರುವರು. ಅಮೆರಿಕದಲ್ಲಿ ಡಾಕ್ಟರೇಟ್ ಪದವಿಗಾಗಿ ವ್ಯಾಸಂಗಮಾಡುತ್ತಿರುವ ಅವರ ಮಗಳು, ಕೆಲವು ತಿಂಗಳ ಮಟ್ಟಿಗೆ ವಾಷಿಂಗ್ಟನ್ ಸಂಸ್ಥಾನದ ರಿಚ್‌ಲೆಂಡ್ ಪಟ್ಟಣದ ರಾಷ್ಟ್ರೀಯ ಪ್ರಯೋಗಶಾಲೆಗೆ ಹೋಗಿ, ಪರಮಾಣು ತ್ಯಾಜ್ಯವನ್ನು ಗಾಜಿನಲ್ಲಿ ಬಂಧಿಸುವ ಕೆಲಸವನ್ನು ಅಭ್ಯಸಿಸಬೇಕಾಗಿದೆಯಂತೆ. “ಮೇಷ್ಟ್ರೇ, ಮನೆಯ ಹಿರಿಯರು ಈ ವಿಷದ ಸಹವಾಸ ಬೇಡವೆನ್ನುತ್ತಾರೆ, ಮಗಳು ಹೋಗಿಯೇ ತೀರುವೆನೆನ್ನುತ್ತಾಳೆ. ತಾವೇನು ಹೇಳುವಿರಿ?” ಎಂಬುದು ಅವರ ಪ್ರಶ್ನೆ. ಹಿರಿಯರ ಆತಂಕ ಸಹಜವಾದುದೇ. ಆದರೆ ಬೇಡವೆನ್ನುವ ಮುಂಚೆ ಆ ಕೆಲಸದ ಸ್ವರೂಪವನ್ನು ಅರಿಯುವುದು ಯುಕ್ತ.

ರಿಚ್‌ಲೆಂಡಿನ ನೆರೆಯಲ್ಲಿ, ಕೊಲಂಬಿಯಾ ನದಿಯ ದಡದ ಮೇಲೆ, ಹ್ಯಾನ್‌ಫರ್ಡ್ ಎಂಬ ಪ್ರದೇಶವುಂಟು. 1943ರಲ್ಲಿ ಅಲ್ಲಿ ಪ್ಲುಟೋನಿಯಂ ತಯಾರಿಸುವ ಕಾರ್ಖಾನೆಗಳನ್ನು ಕಟ್ಟತೊಡಗಿದರು. 1945ರ ಆಗಸ್ಟ್ 9ರಂದು ನಾಗಸಾಕಿಯನ್ನು ಸುಟ್ಟ ಬಾಂಬಿನ ಪ್ಲುಟೋನಿಯಂ ಅಲ್ಲಿಯದು. ಯುದ್ಧ ಮುಗಿದ ತರುವಾಯವೂ ದಶಕಗಳ ಕಾಲ ಆ ತಯಾರಿಕೆ ನಡೆಯಿತು. ಲೋಹವನ್ನು ಬೇರ್ಪಡಿಸಿದ ಮೇಲೆ ಉಳಿದ ಉಗ್ರವಾದ ತ್ಯಾಜ್ಯವನ್ನು ನೆಲದೊಳಗೆ ಹೂತ 177 ತೊಟ್ಟಿಗಳಲ್ಲಿ ತುಂಬಿದರು. ಅದು ಸುಮಾರು 21 ಕೋಟಿ ಲೀಟರು. ಕೆಲವು ತೊಟ್ಟಿಗಳು ಸೋರಿ ಮಣ್ಣು ಕೆಟ್ಟಿದೆ. ನದಿಯೋ ಹತ್ತಿರದಲ್ಲಿಯೇ ಹರಿಯುತ್ತಿದೆ. ಅಜ್ಜಂದಿರು ಅವಸರದಲ್ಲಿ ಮಾಡಿಟ್ಟ ಋಣವನ್ನು ಮೊಮ್ಮಕ್ಕಳು ತೀರಿಸುವ ಕೆಲಸವಿದು.

ಇದಕ್ಕೆ ಗಾಜೇ ಏಕೆ? ನಮ್ಮ ಸುಭಾಷಿತಕಾರರು ಕಾಚವನ್ನು ಮಣಿಯ ಪಕ್ಕದಲ್ಲಿಟ್ಟು ಹಳಿಯುವುದು ವಾಡಿಕೆ. ಆದರೆ ಈ ಪ್ರಸಂಗದಲ್ಲಿ ಮಣಿಗಿಂತ ಕಾಚವೇ ಉದಾರಿ. ಸ್ಫಟಿಕದಲ್ಲಿ ಅಣುಗಳು ಎಲೆ ಎಣಿಸಿ ಹಾಕಿದ ಪಂಕ್ತಿಯಂತೆ ಕ್ರಮವಾಗಿ ಕುಳಿತಿರುತ್ತವೆ. ಹೊಂದದ ಅತಿಥಿಗೆ ಅಲ್ಲಿ ಸ್ಥಳ ಸಿಗುವುದು ಕಷ್ಟ. ಗಾಜಿನ ಜಾಲವು ಕ್ರಮವಿಲ್ಲದ್ದು. ಹಿರಿದು ಕಿರಿದೆನ್ನದೆ ಹತ್ತಾರು ಧಾತುಗಳಿಗೆ ಎಡೆಗೊಡುವುದು. ಮರಳಿನ ಸಿಲಿಕಾದೊಡನೆ ಬೋರಾನಿನ ಆಕ್ಸೈಡನ್ನೂ ಸೋಡಿಯಂ ಮೊದಲಾದುವನ್ನೂ ಸೇರಿಸಿ ಕರಗಿಸಿದ ಗಾಜು ಇದಕ್ಕೆ ಬೇಕು. ಬೋರಾನೆಂದರೆ ಪರಕೀಯವಲ್ಲ, ಅಕ್ಕಸಾಲಿಗರ ಬಿಳಿಗಾರದಲ್ಲಿರುವುದು ಅದೇ.

ಈ ಕ್ರಿಯೆಗೆ ‘ಕಾಚೀಕರಣ’ ಎಂಬ ಹೆಸರು ಒಪ್ಪುವುದು. ವ್ಯಾಕರಣ ಓದಿದವರಿಗೆ ಇಲ್ಲಿಯ ಚ್ವಿ ಪ್ರತ್ಯಯದ ಅರ್ಥ ಗೊತ್ತು: ಮೊದಲು ಹಾಗಿಲ್ಲದುದು ಹಾಗಾಗುವುದು. ಭರಣಿಯಲ್ಲಿ ಉಪ್ಪಿನಕಾಯಿ ತುಂಬಿದಂತೆ ಗಾಜಿನ ಪಾತ್ರೆಯಲ್ಲಿ ಕಸವನ್ನು ತುಂಬುವುದಿಲ್ಲ, ಕಸವೇ ಗಾಜಾಗುತ್ತದೆ. ಭರಣಿ ಒಡೆದರೆ ಒಳಗಿನದೆಲ್ಲ ಚೆಲ್ಲೀತು. ಈ ಗಾಜಿನ ಗಟ್ಟಿ ಒಡೆದರೆ ಎರಡು ಗಟ್ಟಿಗಳಾದಾವು, ಅಷ್ಟೆ. ವಿಕಿರಣವು ಇದರಿಂದ ನಂದುವುದಿಲ್ಲ; ಕಾಲವೊಂದೇ ಅದನ್ನು ನಂದಿಸಬಲ್ಲುದು. ಗಾಜು ಮಾಡುವುದು, ವಿಷವು ನೀರಿಗೆ ಸೇರದಂತೆ ತಡೆಯುವುದು ಮಾತ್ರ.

ಹಾಗಾದರೆ ವಿದ್ಯಾರ್ಥಿಯ ಪಾಲಿನ ಕೆಲಸವೇನು? ಹಲವು ಪ್ರಮಾಣಗಳಲ್ಲಿ ಪುಡಿಗಳನ್ನು ತೂಗಿ ಬೆರಸಿ, ಮೂಸೆಯಲ್ಲಿ ಕರಗಿಸಿ, ಆರಿದ ಗಾಜನ್ನು ಕುಟ್ಟಿ ಜರಡಿ ಹಿಡಿದು, 90 ಡಿಗ್ರಿ ಶಾಖದ ನೀರಿನಲ್ಲಿ 7 ದಿನವಿಟ್ಟು, ಎಷ್ಟು ಬೋರಾನು ನೀರಿಗಿಳಿಯಿತೆಂದು ಅಳೆಯುವುದು ಒಂದು ಪ್ರಸಿದ್ಧ ಪರೀಕ್ಷೆ. ತಾಯಂದಿರು ಗಮನಿಸತಕ್ಕ ಮಾತೆಂದರೆ, ಇಂಥ ಪರೀಕ್ಷೆಗಳಲ್ಲಿ ಬಹುಮಟ್ಟಿಗೆ ನಿಜವಾದ ತ್ಯಾಜ್ಯವನ್ನು ಬಳಸುವುದೇ ಇಲ್ಲ; ವಿಕಿರಣವಿಲ್ಲದ ಪ್ರತಿನಿಧಿ ದ್ರವ್ಯಗಳಿಂದಲೇ ಸಾಗುತ್ತದೆ. ಟೆಕ್ನೀಷಿಯಂ ಎಂಬುದು ಹ್ಯಾನ್‌ಫರ್ಡಿನ ದೊಡ್ಡ ತಲೆನೋವು. ಅದರ ಅರ್ಧಾಯುಷ್ಯ ಸುಮಾರು 2,11,000 ವರ್ಷ. ಸಾಲದುದಕ್ಕೆ, ಕುಲುಮೆಯ 1150 ಡಿಗ್ರಿ ಕಾವಿನಲ್ಲಿ ಅದು ಗಾಜಿನಲ್ಲಿ ನಿಲ್ಲದೆ ಆವಿಯಾಗಿ ಹಾರಲು ನೋಡುವುದು. ಅದರ ಬದಲು ರೀನಿಯಂ ಎಂಬ ಲೋಹವನ್ನಿಟ್ಟು ಪರೀಕ್ಷಿಸುವರು. ಪ್ರತಿನಿಧಿಯು ಯಜಮಾನನ ಪಡಿಯಚ್ಚಲ್ಲವೆಂಬುದನ್ನು ಅವರೂ ಬಲ್ಲರು; ಕಡೆಗೆ ನಿಜದ್ರವ್ಯದಿಂದ ತಾಳೆನೋಡಲೇಬೇಕು, ಆದರೆ ಅದಕ್ಕೆ ಬೇರೆಯ ಕೋಣೆ, ಬೇರೆಯ ಕಟ್ಟುಪಾಡು. ಆದಕಾರಣ ಮಗಳನ್ನು ತಡೆಯುವುದಕ್ಕಿಂತ, ತನ್ನ ಕೈಗೆ ಬರುವ ದ್ರವ್ಯ ಯಾವುದು, ವಿಕಿರಣವಿದ್ದರೆ ಅದನ್ನು ಅಳೆಯುವ ಏರ್ಪಾಡೇನು ಎಂಬೆರಡು ಪ್ರಶ್ನೆಗಳನ್ನು ಹೊರಡುವ ಮುನ್ನವೇ ಕೇಳಿ, ಲಿಖಿತವಾಗಿ ಉತ್ತರ ಪಡೆಯಹೇಳುವುದು ಮೇಲು. ಉತ್ತರ ತೃಪ್ತಿಕರವಾದರೆ ಸಂತೋಷದಿಂದ ಕಳುಹಿಸಬಹುದೆಂದೇ ನನ್ನ ಅಭಿಪ್ರಾಯ.

ಏಳು ದಿನದ ಪರೀಕ್ಷೆಯಿಂದ ಸಾವಿರಾರು ವರ್ಷದ ಮಾತನ್ನು ಹೇಗೆ ಆಡುವುದೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದು. ಫ್ರಾನ್ಸಿನ ಎಂಬಿಯೆ ದ್ವೀಪದ ಬಳಿ ರೋಮನರ ಕಾಲದ ಹಡಗೊಂದು ಮುಳುಗಿ, ಅದರಲ್ಲಿದ್ದ ಗಾಜಿನ ಗಟ್ಟಿಗಳು ಸುಮಾರು 1800 ವರ್ಷ ಕಡಲಿನ ತಳದಲ್ಲಿ ಬಿದ್ದಿದ್ದುವು. ಡಾಕ್ಟರೇಟ್ ಪದವಿಯ ವಿದ್ಯಾರ್ಥಿನಿಯೊಬ್ಬರು ಅವುಗಳನ್ನೇ ಅಭ್ಯಸಿಸಿದ ಫಲ 2008ರಲ್ಲಿ ಪ್ರಕಟವಾಯಿತು. ತ್ಯಾಜ್ಯದ ಗಾಜಿನಂತೆಯೇ ಅವೂ ಆರುವಾಗ ಬಿರುಕುಬಿಟ್ಟಿದ್ದವು. ಹೊರಮೈಯ ಬಿರುಕುಗಳು ಹೆಚ್ಚು ಸವೆದಿದ್ದರೂ, ಒಳಗಿನ ಕಿರುಬಿರುಕುಗಳು ಸವೆತದ ಮಡ್ಡಿಯಿಂದಲೇ ಮುಚ್ಚಿಕೊಂಡು, ಹೊಸ ನೀರು ಒಳಸೇರದೆ, ಬಹಳ ಕಡಮೆ ಕೆಟ್ಟಿದ್ದವು.

ಹ್ಯಾನ್‌ಫರ್ಡಿನ ಗಾಜಿನ ಸ್ಥಾವರವನ್ನು 2002ರಲ್ಲಿ ಕಟ್ಟತೊಡಗಿ, ಮಂದ ವಿಕಿರಣದ ತ್ಯಾಜ್ಯವನ್ನು ಗಾಜಾಗಿಸಲಾರಂಭಿಸಿದುದು 2025ರಲ್ಲಿ! ಉಗ್ರತರವಾದುದರ ಸರದಿ ಅದರ ಮೇಲೆ.

ಕೈಗಾದ ವಿದ್ಯುತ್ತಿನಿಂದ ದೀಪ ಹಚ್ಚುವ ನಮಗೂ ಈ ವಿಷಯ ಹೊರಗಿನದಲ್ಲ. ತಾರಾಪುರ, ಟ್ರಾಂಬೆ, ಕಲ್ಪಾಕಂಗಳಲ್ಲಿ ನಮ್ಮ ದೇಶದ ಕಾಚೀಕರಣ ಸ್ಥಾವರಗಳುಂಟು. ಟ್ರಾಂಬೆಯ ತ್ಯಾಜ್ಯದಲ್ಲಿ ಸಲ್ಫೇಟು ಸೇರಿದ್ದು, ಅದು ಸಾಧಾರಣ ಪಾಕದ ಗಾಜಿನಲ್ಲಿ ಕರಗದೆ, ನೀರಿಗೆ ಸುಲಭವಾಗಿ ಬಿಡುವ ಹಳದಿಯ ಲವಣವಾಗಿ ಬೇರೆ ನಿಲ್ಲುತ್ತಿತ್ತು. ನಮ್ಮ ವಿಜ್ಞಾನಿಗಳು ಬೇರಿಯಂ ಸೇರಿಸಿದ ಹೊಸ ಪಾಕವನ್ನು ಕಂಡುಹಿಡಿದು ಅಲ್ಲಿ ಬಳಕೆಗೆ ತಂದರು. ಹ್ಯಾನ್‌ಫರ್ಡಿನ ತೊಟ್ಟಿಗಳಲ್ಲಿಯೂ ಸಲ್ಫೇಟಿನ ಕಾಟ ಉಂಟೇ ಉಂಟು.